ಮೆಕ್ಸಿಕನ್ ರುಚಿಯ ಪಾಸ್ತಾ: ಪ್ಯಾಕೆಟ್ ಬಿಡಿ, ಮೆಣಸಿನಕಾಯಿ ಹುರಿಯಿರಿ

ಪಾಸ್ತಾಕ್ಕೆ ಮೆಕ್ಸಿಕನ್ ರುಚಿ ಬೆರೆಸುವ ಬಗ್ಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ತಪ್ಪು ತಿಳಿವಳಿಕೆಯಿಂದ ಹುಟ್ಟಿದವು. ಆ ರುಚಿ ಎಂದರೆ ಕೊನೆಯಲ್ಲಿ ಉದುರಿಸುವ ಒಂದು ಮಸಾಲೆ ಪುಡಿ ಎಂದು ಓದುಗರು ಭಾವಿಸಿದ್ದಾರೆ. ಈ ನಂಬಿಕೆ ಇರುವವರೆಗೂ ಎಷ್ಟು ಪಾಕವಿಧಾನಗಳನ್ನು ಕೊಟ್ಟರೂ ಪ್ರಯೋಜನವಿಲ್ಲವಾದ್ದರಿಂದ, ಈ ಬಾರಿ ಒಂದು ಪ್ರಶ್ನೆಗೆ ವಿವರವಾಗಿ ಉತ್ತರಿಸಿ ಉಳಿದವನ್ನು ಚಿಕ್ಕದಾಗಿ ಮುಗಿಸುತ್ತೇನೆ. ಪಾಸ್ತಾ ಬೇಯಿಸುವುದು, ಈರುಳ್ಳಿ ಹೆಚ್ಚುವುದು ಮುಂತಾದವು ನಿಮಗೆ ಗೊತ್ತಿವೆ ಎಂದೇ ತಿಳಿದು ಬರೆಯುತ್ತಿದ್ದೇನೆ.

ಪ್ರಶ್ನೆ: ಟೊಮೆಟೊ, ದಪ್ಪ ಮೆಣಸಿನಕಾಯಿ, ರಾಜ್ಮಾ, ಮೆಕ್ಕೆಜೋಳದ ಕಾಳು ಹಾಕಿ, ಅಂಗಡಿಯಲ್ಲಿ ಸಿಗುವ ಟ್ಯಾಕೊ ಮಸಾಲೆ ಬೆರೆಸಿ ಪಾಸ್ತಾ ಮಾಡುತ್ತೇನೆ. ಮಸಾಲೆ ಕಡಿಮೆಯಾದರೆ ಹಸಿ ವಾಸನೆ ಬರುತ್ತದೆ, ಒಣಮೆಣಸಿನಕಾಯಿ ಹುರಿದು ಹಾಕಿದರೆ ಕಹಿಯಾಗುತ್ತದೆ, ಕೆನೆ ಹಾಕಿದರೆ ಒಡೆಯುತ್ತದೆ. ಇನ್ನೇನು ಸೇರಿಸಬೇಕು? (ದಾವಣಗೆರೆಯ ಓದುಗರು)

ಇನ್ನೇನನ್ನೂ ಸೇರಿಸಬೇಡಿ. ಮೊದಲು ಆ ಪ್ಯಾಕೆಟ್ಟನ್ನು ಕೈಬಿಡಿ. ಮೆಣಸಿನಪುಡಿಗೆ ಜೀರಿಗೆ ಮತ್ತಿತರ ಮಸಾಲೆ ಬೆರೆಸಿ ಮಾರುವ ಪದ್ಧತಿಯನ್ನು ಜನಪ್ರಿಯಗೊಳಿಸಿದವರಲ್ಲಿ ಪ್ರಮುಖರು 1890ರ ದಶಕದಲ್ಲಿ ಅಮೆರಿಕದ ಟೆಕ್ಸಸ್‌ನ ನ್ಯೂ ಬ್ರೌನ್‌ಫೆಲ್ಸ್ ಪಟ್ಟಣದಲ್ಲಿದ್ದ ಜರ್ಮನ್ ವಲಸಿಗ ವಿಲಿಯಂ ಗೆಬ್‌ಹಾರ್ಟ್. ಇಂದಿನ ಟ್ಯಾಕೊ ಮಸಾಲೆ ಅದೇ ಟೆಕ್ಸಸ್-ಮೆಕ್ಸಿಕೊ ಗಡಿನಾಡ ಅಡುಗೆಯ ಸಂತಾನ. ಅದು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ, ಆದರೆ ಅದರಲ್ಲಿ ಜೀರಿಗೆಯೇ ಮುಂದಿರುತ್ತದೆ. ಜೀರಿಗೆ, ಮೆಣಸಿನಪುಡಿ, ಟೊಮೆಟೊ ಮೂರೂ ಒಂದೇ ಬಾಣಲೆಯಲ್ಲಿ ಸೇರಿದಾಗ ನಮ್ಮ ನಾಲಿಗೆಗೆ ಅದು ಪಲ್ಯದ ರುಚಿಯಾಗಿಯೇ ತೋರುತ್ತದೆ. ಮೆಕ್ಸಿಕೊದ ನೆನಪು ಬರುವುದಿಲ್ಲ. ಮಧ್ಯ ಮೆಕ್ಸಿಕೊದ ಅಡುಗೆಯಲ್ಲಿ ಜೀರಿಗೆ ಇದ್ದರೂ ಚಿಟಿಕೆಯಷ್ಟು ಮಾತ್ರ. ಅಲ್ಲಿನ ಸಾಸ್‌ಗೆ ದೇಹ, ಬಣ್ಣ, ಸಿಹಿ, ಹೊಗೆ ಎಲ್ಲವನ್ನೂ ಕೊಡುವುದು ಇಡಿಯಾದ ಒಣಮೆಣಸಿನಕಾಯಿ.

ಆ ಮೆಣಸಿನಕಾಯಿಗಳಲ್ಲಿ ಪಾಸ್ತಾಕ್ಕೆ ಹೊಂದುವ ಮೂರನ್ನು ತಿಳಿದುಕೊಂಡರೆ ಸಾಕು. ಆಂಚೊ ಎಂದರೆ ಹಣ್ಣಾದ ಪೊಬ್ಲಾನೊ ಮೆಣಸಿನಕಾಯಿಯನ್ನು ಒಣಗಿಸಿದ್ದು; ಅಗಲವಾಗಿ, ಕಪ್ಪುಗೆಂಪಾಗಿ, ಒಣದ್ರಾಕ್ಷಿಯಂಥ ಸಿಹಿಯೊಂದಿಗೆ ತುಂಬ ಸೌಮ್ಯವಾಗಿರುತ್ತದೆ. ಗುವಾಹಿಯೊ ನಯವಾದ ಸಿಪ್ಪೆಯ, ಹೊಳೆಯುವ ಕೆಂಪಿನ, ಸ್ವಲ್ಪ ಹುಳಿಯಂಚಿರುವ ಕಾಯಿ. ಚಿಪೋಟ್ಲೆ ಎಂದರೆ ಹಣ್ಣಾದ ಹಲಪೆನ್ಯೊವನ್ನು ಹೊಗೆಯಲ್ಲಿ ಒಣಗಿಸಿದ್ದು, ಖಾರವೂ ಹೊಗೆಯೂ ಎರಡೂ ಗಾಢ. ಒಂದು ಪಾಸ್ತಾಕ್ಕೆ ಇವುಗಳಲ್ಲಿ ಒಂದನ್ನು ಮುಖ್ಯವಾಗಿಟ್ಟುಕೊಳ್ಳಿ. ಹೆಚ್ಚೆಂದರೆ ಇನ್ನೊಂದನ್ನು ಸ್ವಲ್ಪ ಸೇರಿಸಿ. ಮೂರನ್ನೂ ಹಾಕಿದರೆ ಯಾವುದರ ಗುಣವೂ ಉಳಿಯುವುದಿಲ್ಲ.

ಇವು ಸಿಗದವರಿಗೆ ನಮ್ಮ ಬ್ಯಾಡಗಿ ಇದೆ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಈ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಮಿತವಾದದ್ದು, ಹೀಗಾಗಿ ಗುವಾಹಿಯೊದ ಕೆಲಸವನ್ನು ಬಹುಮಟ್ಟಿಗೆ ಮಾಡುತ್ತದೆ. ಬ್ಯಾಡಗಿಯಲ್ಲೂ ಕಡ್ಡಿ ತಳಿಗಿಂತ ಡಬ್ಬಿ ತಳಿಯನ್ನೇ ಆರಿಸಿ, ಏಕೆಂದರೆ ಅದು ಹೆಚ್ಚು ಬಣ್ಣ ಕೊಟ್ಟು ಕಡಿಮೆ ಖಾರ ಕೊಡುತ್ತದೆ. ಆಂಚೊದ ಸಿಹಿ ಬೇಕೆಂದರೆ ಬ್ಯಾಡಗಿಯೊಂದಿಗೆ ಏಳೆಂಟು ಒಣದ್ರಾಕ್ಷಿಯನ್ನು ನೆನೆಸಿ ಅರೆಯಿರಿ. ಮೆಕ್ಸಿಕೊದ ಮೋಲೆ ಸಾಸ್‌ಗಳಲ್ಲಿ ಒಣದ್ರಾಕ್ಷಿ ಬಳಕೆಯಲ್ಲಿರುವ ವಸ್ತುವೇ. ಗುಂಟೂರು ಮೆಣಸಿನಕಾಯಿಯನ್ನು ಇದಕ್ಕೆ ಬಳಸಬೇಡಿ, ಸಾಸ್‌ಗೆ ಬೇಕಾದಷ್ಟು ತಿರುಳು ಬರುವ ಹೊತ್ತಿಗೆ ಖಾರ ಮಿತಿ ಮೀರಿರುತ್ತದೆ.

ಈಗ ಕೆಲಸದ ಕ್ರಮಕ್ಕೆ ಬರೋಣ. 250 ಗ್ರಾಂ ಪಾಸ್ತಾಕ್ಕೆ ಮೂರು ಗುವಾಹಿಯೊ ಅಥವಾ ಡಬ್ಬಿ ತಳಿಯ ಎಂಟರಿಂದ ಹತ್ತು ಬ್ಯಾಡಗಿ ಕಾಯಿ ಸಾಕು. ತೊಟ್ಟು ಮುರಿದು, ಸೀಳಿ, ಬೀಜವನ್ನೂ ಒಳಗಿನ ನಾರನ್ನೂ ತೆಗೆಯಿರಿ. ಕಾವಲಿಯನ್ನು ಮಧ್ಯಮ ಉರಿಯಲ್ಲಿ ಕಾಯಿಸಿ, ಕಾಯಿಯನ್ನು ಬಿಡಿಸಿ ಹರಡಿ, ಚಪ್ಪಟೆ ಸೌಟಿನಿಂದ ಒತ್ತಿ, ಒಂದೊಂದು ಬದಿಗೆ ಹತ್ತರಿಂದ ಇಪ್ಪತ್ತು ಸೆಕೆಂಡು ಮಾತ್ರ ಬಿಡಿ. ಬಣ್ಣ ಸ್ವಲ್ಪ ಬದಲಾಗಿ ಪರಿಮಳ ಎದ್ದ ಕ್ಷಣವೇ ತೆಗೆಯಬೇಕು. ನಿಮ್ಮ ಕಹಿ ಹುಟ್ಟುವುದು ಇಲ್ಲಿಯೇ: ಸಾರಿನ ಪುಡಿಗೆ ಹುರಿಯುವಂತೆ ಗರಿಗರಿಯಾಗುವವರೆಗೆ ಕಾಯುತ್ತೀರಿ, ಅಷ್ಟರಲ್ಲಿ ತೆಳುವಾದ ತಿರುಳು ಸುಟ್ಟಿರುತ್ತದೆ, ಆಮೇಲೆ ಸಕ್ಕರೆ ಹಾಕಿದರೂ ಕೆನೆ ಹಾಕಿದರೂ ಆ ಕಹಿ ಹೋಗುವುದಿಲ್ಲ. ಒಂದು ಕಾಯಿ ಕಪ್ಪಾಗಿದ್ದರೆ ಅದನ್ನು ಎಸೆದುಬಿಡಿ. ಈ ವಿಷಯದಲ್ಲಿ ಉಳಿತಾಯದ ಯೋಚನೆ ಬೇಡ.

ಹುರಿದ ಕಾಯಿಯನ್ನು ಬಿಸಿನೀರಿನಲ್ಲಿ 15ರಿಂದ 20 ನಿಮಿಷ ಮುಳುಗಿಸಿಡಿ, ನೀರು ಕುದಿಯುತ್ತಿರಬಾರದು. ಅಷ್ಟರಲ್ಲಿ ನಾಲ್ಕು ಹಣ್ಣು ಟೊಮೆಟೊ, ಅರ್ಧ ಈರುಳ್ಳಿ, ಸಿಪ್ಪೆಯೊಂದಿಗೇ ನಾಲ್ಕು ಎಸಳು ಬೆಳ್ಳುಳ್ಳಿಯನ್ನು ಅದೇ ಕಾವಲಿಯಲ್ಲಿ ಅಲ್ಲಲ್ಲಿ ಕಪ್ಪು ಚುಕ್ಕೆ ಬರುವವರೆಗೆ ಸುಡಿ. ಮೆಣಸಿನಕಾಯಿಯ ವಿಷಯದಲ್ಲಿ ದೋಷವಾದ ಕಪ್ಪು ಟೊಮೆಟೊದ ವಿಷಯದಲ್ಲಿ ಗುಣ, ಏಕೆಂದರೆ ದಪ್ಪ ರಸದ ಹಣ್ಣಿನಲ್ಲಿ ಸಿಪ್ಪೆ ಮಾತ್ರ ಸುಡುತ್ತದೆ, ಒಳಗೆ ಸಿಹಿ ಗಟ್ಟಿಯಾಗುತ್ತದೆ. ನೆನೆಸಿದ ನೀರಿನ ರುಚಿ ನೋಡಿ. ಕಹಿಯಿದ್ದರೆ ಚೆಲ್ಲಿ, ಇಲ್ಲದಿದ್ದರೆ ಸ್ವಲ್ಪ ಬಳಸಿ. ಬೆಳ್ಳುಳ್ಳಿಯ ಸಿಪ್ಪೆ ಸುಲಿದು, ಎಲ್ಲವನ್ನೂ ನುಣ್ಣಗೆ ಅರೆದು, ಜರಡಿಯಲ್ಲಿ ಸೋಸಿ. ಸೋಸುವುದನ್ನು ಬಿಡಬಹುದೇ ಎಂದು ಕೇಳುವವರಿಗೆ ನನ್ನ ಉತ್ತರ ಯಾವಾಗಲೂ ಒಂದೇ: ಬಿಡಬಾರದು. ಒಣಮೆಣಸಿನಕಾಯಿಯ ಸಿಪ್ಪೆ ಯಾವ ಮಿಕ್ಸಿಯಲ್ಲೂ ಪೂರ್ತಿ ಕರಗುವುದಿಲ್ಲ, ಅದರ ಚೂರುಗಳು ಪಾಸ್ತಾದ ನಯವನ್ನು ಕೆಡಿಸುತ್ತವೆ.

ಇನ್ನು ನೀವೆಲ್ಲರೂ ಬಿಟ್ಟುಬಿಡುವ ಹಂತ. ಅಗಲವಾದ ಬಾಣಲೆಯಲ್ಲಿ ಮೂರು ದೊಡ್ಡ ಚಮಚ ಎಣ್ಣೆಯನ್ನು ಚೆನ್ನಾಗಿ ಕಾಯಿಸಿ, ಸೋಸಿದ ರಸವನ್ನು ಒಮ್ಮೆಗೇ ಸುರಿಯಿರಿ. ಅದು ಚಟಪಟನೆ ಸಿಡಿಯಬೇಕು. ಸಿಡಿಯದಿದ್ದರೆ ಎಣ್ಣೆ ಕಾದಿಲ್ಲವೆಂದೇ ಅರ್ಥ. ಕೈ ಬಿಡದೆ ಆರೆಂಟು ನಿಮಿಷ ಬಾಡಿಸಿದಾಗ ಬಣ್ಣ ಗಾಢವಾಗುತ್ತದೆ, ರಸ ಗಟ್ಟಿಯಾಗುತ್ತದೆ, ಅಂಚಿನಲ್ಲಿ ಎಣ್ಣೆ ಬಿಡುತ್ತದೆ. ಮೆಣಸಿನಕಾಯಿಯ ಬಣ್ಣ, ಪರಿಮಳ, ಖಾರ ಮೂರೂ ಕೊಬ್ಬಿನಲ್ಲಿ ಕರಗುವಂಥವು, ನೀರಿನಲ್ಲಿ ಅಷ್ಟಾಗಿ ಬಿಡುವುದಿಲ್ಲ. ಈ ಬಾಡಿಸುವಿಕೆ ಇಲ್ಲದೆ ಮೆಕ್ಸಿಕೊದ ಯಾವ ಅಜ್ಜಿಯೂ ಸಾಸ್ ಆಯಿತೆಂದು ಒಪ್ಪುವುದಿಲ್ಲ. ನಿಮ್ಮ ಹಸಿ ವಾಸನೆಗೆ ಇದೇ ಪರಿಹಾರ. ಉಪ್ಪು ಹಾಕಿ, ಅರ್ಧ ಚಮಚ ಮೆಕ್ಸಿಕನ್ ಓರೆಗಾನೊವನ್ನು ಅಂಗೈಯಲ್ಲಿ ತಿಕ್ಕಿ ಉದುರಿಸಿ. ಪಿಜ್ಜಾದ ಜೊತೆ ಬರುವ ಓರೆಗಾನೊ ಬೇರೆಯೇ ಸಸ್ಯದ್ದು, ಅದು ಪುದೀನದ ಕುಟುಂಬಕ್ಕೆ ಸೇರಿದ್ದು; ಮೆಕ್ಸಿಕೊದ್ದು ವರ್ಬೀನಾ ಕುಟುಂಬದ್ದು, ಹೆಚ್ಚು ಘಾಟಿನದು. ಅದು ಸಿಗದಿದ್ದರೆ ಹಿತ್ತಲಿನ ದೊಡ್ಡಪತ್ರೆಯ ಎರಡು ಎಲೆಗಳನ್ನು ಸಣ್ಣಗೆ ಹೆಚ್ಚಿ ಹಾಕಿ. ಎರಡರ ಎಣ್ಣೆಯಲ್ಲೂ ಕಾರ್ವಕ್ರಾಲ್ ಮತ್ತು ಥೈಮಾಲ್ ಎಂಬ ಘಾಟಿನ ಅಂಶಗಳು ಇರುವುದರಿಂದ ವಾಸನೆ ಹತ್ತಿರವಾಗುತ್ತದೆ.

ಇಲ್ಲಿಂದ ಮುಂದೆ ಇಟಲಿಯವರ ಮಾತನ್ನು ಕೇಳಿ. ಪಾಸ್ತಾವನ್ನು ಪ್ಯಾಕೆಟ್ಟಿನ ಸಮಯಕ್ಕಿಂತ ಎರಡು ನಿಮಿಷ ಮೊದಲೇ ತೆಗೆದು ನೇರವಾಗಿ ಸಾಸ್‌ಗೆ ಹಾಕಿ, ಬೇಯಿಸಿದ ನೀರನ್ನು ಅರ್ಧ ಲೋಟ ಸೇರಿಸಿ, ಜೋರು ಉರಿಯಲ್ಲಿ ತಿರುವಿ. ಆ ನೀರಿನ ಪಿಷ್ಟವೇ ಎಣ್ಣೆಯನ್ನೂ ರಸವನ್ನೂ ಹಿಡಿದು ಪಾಸ್ತಾಕ್ಕೆ ಅಂಟಿಸುತ್ತದೆ. ಪಾಸ್ತಾವನ್ನು ತಣ್ಣೀರಿನಲ್ಲಿ ತೊಳೆದರೆ ಆ ಪಿಷ್ಟ ಹೋಗಿ, ಸಾಸ್ ತಟ್ಟೆಯ ತಳದಲ್ಲಿ ನಿಲ್ಲುತ್ತದೆ. ಕೆನೆಯನ್ನು ಉರಿ ಆರಿಸಿದ ಮೇಲೆ ಹಾಕಿ. ಟೊಮೆಟೊದ ಹುಳಿ, ಕುದಿಯುವ ಬಿಸಿ, ಕಡಿಮೆ ಕೊಬ್ಬು ಮೂರೂ ಸೇರಿದಾಗ ಹಾಲಿನ ಪದಾರ್ಥ ಒಡೆಯುತ್ತದೆ, ಆದ್ದರಿಂದಲೇ ತೆಳು ಮೊಸರು ಮೊದಲು ಒಡೆಯುತ್ತದೆ, ಗಟ್ಟಿ ಕೆನೆ ತಡೆದುಕೊಳ್ಳುತ್ತದೆ. ಮೆಕ್ಸಿಕೊದ ಹುಳಿಗೆನೆಯಾದ ಕ್ರೆಮಾದ ರುಚಿಗಾಗಿ ಗಟ್ಟಿ ಕೆನೆಗೆ ಒಂದು ಚಮಚ ಮೊಸರು ಬೆರೆಸಿ ರಾತ್ರಿ ಹೆಪ್ಪಿಡಿ. ಬಡಿಸುವಾಗ ಸಣ್ಣಗೆ ಹೆಚ್ಚಿದ ಹಸಿ ಈರುಳ್ಳಿ, ಕೊತ್ತಂಬರಿ ಸೊಪ್ಪು, ನಿಂಬೆಯ ಕೆಲವು ಹನಿ. ರಾಜ್ಮಾ, ಮೆಕ್ಕೆಜೋಳದ ಕಾಳು ಎರಡನ್ನೂ ಬಿಟ್ಟು ಒಮ್ಮೆ ಮಾಡಿ ನೋಡಿ, ಆಮೇಲೆ ಬೇಕೆನಿಸಿದರೆ ಸೇರಿಸಿ.

ಪ್ರಶ್ನೆ: ಇಟಲಿಯ ಅಡುಗೆಯನ್ನು ಹೀಗೆ ಕೆಡಿಸುವುದು ಸರಿಯೇ?

ಈ ಪ್ರಶ್ನೆ ಕೇಳುವವರು ಇತಿಹಾಸವನ್ನು ನೋಡಿರುವುದಿಲ್ಲ. ಮೆಣಸಿನಕಾಯಿ 15ನೆಯ ಶತಮಾನದ ಕೊನೆಯಲ್ಲಿ, ಟೊಮೆಟೊ 16ನೆಯ ಶತಮಾನದಲ್ಲಿ ಅಮೆರಿಕ ಖಂಡದಿಂದ ಯುರೋಪಿಗೆ ಬಂದವು. ನೇಪಲ್ಸ್‌ನ ಆಂಟೋನಿಯೊ ಲಾಟಿನಿ 1690ರ ದಶಕದಲ್ಲಿ ಮುದ್ರಿಸಿದ ಟೊಮೆಟೊ ಸಾಸ್‌ನ ವಿಧಾನದಲ್ಲಿ ಹಣ್ಣನ್ನು ಕೆಂಡದ ಮೇಲೆ ಸುಟ್ಟು, ಸಿಪ್ಪೆ ತೆಗೆದು, ಈರುಳ್ಳಿ, ಮೆಣಸಿನಕಾಯಿ, ಉಪ್ಪು, ಎಣ್ಣೆ, ವಿನಿಗರ್ ಸೇರಿಸಲು ಹೇಳಿದೆ. ಅದು ಪಾಸ್ತಾಕ್ಕೆಂದು ಬರೆದದ್ದಲ್ಲ, ಆದರೆ ಮೆಕ್ಸಿಕೊದ ಸಾಲ್ಸಾಕ್ಕೆ ಎಷ್ಟು ಹತ್ತಿರವಿದೆ ಎಂಬುದನ್ನು ಯಾರಾದರೂ ಕಾಣಬಹುದು. ಮೆಕ್ಸಿಕೊದವರು ಕೂಡ ಪಾಸ್ತಾವನ್ನು ಬಹಳ ಹಿಂದೆಯೇ ತಮ್ಮದಾಗಿಸಿಕೊಂಡಿದ್ದಾರೆ. ಸ್ಪೇನಿನಿಂದ ಬಂದ ಫಿದೆಯೊ ಎಂಬ ಸಣ್ಣ ಶಾವಿಗೆಯನ್ನು ಎಣ್ಣೆಯಲ್ಲಿ ಕೆಂಪಗೆ ಹುರಿದು, ಟೊಮೆಟೊ ಮತ್ತು ಚಿಪೋಟ್ಲೆಯ ರಸದಲ್ಲಿ ಅದು ಇಂಗುವವರೆಗೆ ಬೇಯಿಸುವ ಸೋಪಾ ಸೆಕಾ ಅಲ್ಲಿನ ಮಧ್ಯಾಹ್ನದ ಊಟದ ಭಾಗ. ಶಾವಿಗೆ ಉಪ್ಪಿಟ್ಟು ಮಾಡಬಲ್ಲವರಿಗೆ ಇದರಲ್ಲಿ ಕಷ್ಟವೇನೂ ಇಲ್ಲ. ಗೋಧಿ ಶಾವಿಗೆಯಿಂದಲೇ ಆರಂಭಿಸಿ. ಹಬ್ಬದೂಟಗಳಲ್ಲಿ ಸುಟ್ಟ ಪೊಬ್ಲಾನೊ ಮತ್ತು ಕೆನೆಯಲ್ಲಿ ಹೊರಳಿಸಿದ ಹಸಿರು ಸ್ಪಗೆಟಿಯೂ ಇರುತ್ತದೆ. ಪೊಬ್ಲಾನೊಗೆ ಬದಲಾಗಿ ಎರಡು ಹಸಿರು ದಪ್ಪ ಮೆಣಸಿನಕಾಯಿಗೆ ಎರಡು ಬಜ್ಜಿ ಮೆಣಸಿನಕಾಯಿ ಸೇರಿಸಿ ಉರಿಯ ಮೇಲೆ ಸುಟ್ಟು, ಪಾತ್ರೆಯಲ್ಲಿ ಮುಚ್ಚಿಟ್ಟು ಸಿಪ್ಪೆ ಸುಲಿದು ಬಳಸಿ.

ಪ್ರಶ್ನೆ: ಚೀಸ್ ಯಾವುದು? ನಾವು ಸಸ್ಯಾಹಾರಿಗಳು. (ಶಿರಸಿ)

ಇದು ಸರಿಯಾದ ಪ್ರಶ್ನೆ, ಇನ್ನೂ ಹೆಚ್ಚು ಜನ ಕೇಳಬೇಕಾದದ್ದು. ಇಟಲಿಯ ಪಾರ್ಮಿಜಾನೊ ರೆಜ್ಜಾನೊ ಚೀಸ್‌ಗೆ ಹಾಲು ಹೆಪ್ಪುಗಟ್ಟಿಸಲು ಕರುವಿನ ಜಠರದಿಂದ ತೆಗೆದ ರೆನೆಟ್ ಎಂಬ ವಸ್ತುವನ್ನೇ ಬಳಸಬೇಕೆಂಬ ನಿಯಮವಿದೆ, ಆದ್ದರಿಂದ ಅದು ಸಸ್ಯಾಹಾರವಲ್ಲ. ಸಸ್ಯಾಹಾರಿಗಳು ಹಸಿರು ಗುರುತು ನೋಡಿಯೇ ಚೀಸ್ ಕೊಳ್ಳಬೇಕು. ಮೆಕ್ಸಿಕೊದ ಮಿಚೊಆಕಾನ್ ರಾಜ್ಯದ ಕೊತಿಹಾ ಪಟ್ಟಣದ ಹೆಸರಿನ ಚೀಸ್ ಉಪ್ಪುಪ್ಪಾಗಿ, ಪುಡಿಯಾಗಿ, ಕರಗದೆ ಉಳಿಯುವಂಥದು. ಅದರ ಬದಲಿಗೆ ಒತ್ತಿ ನೀರು ತೆಗೆದ ಪನೀರನ್ನು ಪುಡಿ ಮಾಡಿ, ಸ್ವಲ್ಪ ಹೆಚ್ಚೇ ಉಪ್ಪು ಬೆರೆಸಿ, ರಾತ್ರಿಯಿಡೀ ಫ್ರಿಜ್ಜಿನಲ್ಲಿ ಮುಚ್ಚದೆ ಇಟ್ಟು, ಬಡಿಸುವಾಗ ಉದುರಿಸಿ. ಎಳೆಎಳೆಯಾಗಿ ಎಳೆಯುವ ಮೊಝರೆಲ್ಲಾ ಇಲ್ಲಿ ಬೇಡ, ಅದು ಮೆಣಸಿನಕಾಯಿಯ ರುಚಿಯನ್ನು ಮುಚ್ಚಿಬಿಡುತ್ತದೆ.

ಪ್ರಶ್ನೆ: ಬೆಣ್ಣೆಹಣ್ಣಿನ ಬೀಜದ ಪುಡಿಯನ್ನು ಸಾಸ್‌ಗೆ ಹಾಕಿದರೆ ಸಕ್ಕರೆ ಕಾಯಿಲೆ ಹತೋಟಿಗೆ ಬರುತ್ತದೆ ಎಂದು ವಿಡಿಯೊ ನೋಡಿದೆ. ನಮ್ಮ ಕೊಡಗಿನ ತೋಟದಲ್ಲಿ ಮರ ಇದೆ, ಎಲೆಯನ್ನೂ ಮೆಕ್ಸಿಕೊದವರಂತೆ ಹಾಕಬಹುದೇ?

ಎರಡನ್ನೂ ಹಾಕಬೇಡಿ. ಆ ಬೀಜವನ್ನು ಆಹಾರವಾಗಿ ತಿನ್ನುವುದು ಮನುಷ್ಯರಿಗೆ ಸುರಕ್ಷಿತ ಎಂಬುದೇ ಸಾಬೀತಾಗಿಲ್ಲ. ರೋಗಿಗಳ ಆತಂಕವನ್ನು ಬಂಡವಾಳ ಮಾಡಿಕೊಂಡು ಕ್ಯಾಮೆರಾದ ಮುಂದೆ ಪುಡಿ ಕಲಸುವವರು ವೈದ್ಯರೂ ಅಲ್ಲ, ಅಡುಗೆಯವರೂ ಅಲ್ಲ. ಅವರ ಮಾತು ಕೇಳಿ ಔಷಧಿ ಬಿಟ್ಟವರ ಪತ್ರಗಳನ್ನು ಓದುವಾಗ ನನಗೆ ಸಿಟ್ಟೂ ಸಂಕಟವೂ ಆಗುತ್ತದೆ. ಎಲೆಯ ವಿಷಯಕ್ಕೆ ಬಂದರೆ, ಮೆಕ್ಸಿಕೊದ ಓಹಾಕಾ ಕಡೆಯಲ್ಲಿ ಬಳಸುವುದು ಸೋಂಪಿನ ವಾಸನೆಯ ಮೆಕ್ಸಿಕನ್ ತಳಿಯ ಎಲೆ. ಬೆಣ್ಣೆಹಣ್ಣಿನ ಎಲೆಗಳಲ್ಲಿರುವ ಪರ್ಸಿನ್ ಎಂಬ ವಸ್ತುವಿನಿಂದ ಆಡು, ಕುದುರೆ, ಪಕ್ಷಿಗಳಿಗೆ ವಿಷವೇರಿದ ದಾಖಲೆಗಳಿವೆ. ನಿಮ್ಮ ಮರ ಯಾವ ತಳಿಯದೆಂದು ಖಚಿತವಾಗಿ ತಿಳಿಯದೆ ಎಲೆಯನ್ನು ಬಾಣಲೆಗೆ ಹಾಕುವುದನ್ನು ನಾನು ಒಪ್ಪುವುದಿಲ್ಲ. ಹಣ್ಣನ್ನು ಮಾತ್ರ ಹೆಚ್ಚಿ, ಬಡಿಸುವಾಗ ಹಸಿಯಾಗಿಯೇ ಮೇಲಿಡಿ, ಕುದಿಸಿದರೆ ಕಹಿಯಾಗುತ್ತದೆ.

ಪ್ರಶ್ನೆ: ಮೆಕ್ಕೆಜೋಳದ ಹಿಟ್ಟಿನಿಂದ ಸಾಸ್ ಗಟ್ಟಿ ಮಾಡಬಹುದೇ?

ಮೆಕ್ಸಿಕೊದ ಹಿಟ್ಟು ಸುಣ್ಣದ ನೀರಿನಲ್ಲಿ ಬೇಯಿಸಿ ನೆನೆಸಿದ ಮೆಕ್ಕೆಜೋಳದ್ದು, ನಮ್ಮಲ್ಲಿ ಸಿಗುವುದು ಬರಿಯ ಒಣಹಿಟ್ಟು, ಆದ್ದರಿಂದ ಬೇಡ. ಮೆಕ್ಕೆಜೋಳದ ಒಂದು ಟೋರ್ಟಿಯಾ (ಮೆಕ್ಸಿಕೊದ ತೆಳು ರೊಟ್ಟಿ) ಸಿಕ್ಕರೆ ಕರಿದು ಸಾಸ್‌ನೊಂದಿಗೆ ಅರೆಯಿರಿ.

ಪ್ರಶ್ನೆ: ಖಾರವೆಲ್ಲ ಬೀಜದಲ್ಲಿರುತ್ತದೆಯಲ್ಲವೇ? ಹೆಚ್ಚಾದರೆ ನೀರು ಕುಡಿದರೆ ಸಾಕೇ?

ಎರಡೂ ತಪ್ಪು. ಖಾರ ತುಂಬಿರುವುದು ಬೀಜ ಅಂಟಿಕೊಂಡಿರುವ ಬಿಳಿಯ ನಾರಿನಲ್ಲಿ, ಅದನ್ನು ತೆಗೆಯಿರಿ. ಬಾಯಿ ಉರಿದರೆ ಹಾಲು ಅಥವಾ ಮೊಸರು.

ಪ್ರಶ್ನೆ: ಸ್ಯಾನ್ ಹೋಸೆಯಲ್ಲಿದ್ದೇವೆ, ಇಲ್ಲಿ ಎಲ್ಲ ಮೆಣಸಿನಕಾಯಿಗಳೂ ಸಿಗುತ್ತವೆ. ಆರಿಸುವುದು ಹೇಗೆ?

ಬಾಗಿಸಿದರೆ ಚರ್ಮದಂತೆ ಬಾಗಬೇಕು, ಪುಡಿಯಾಗಬಾರದು, ಪುಡಿಯಾಗುವುದು ಹಳೆಯದು. ಚಿಪೋಟ್ಲೆಯ ಡಬ್ಬಿ ತಂದರೆ 250 ಗ್ರಾಂ ಪಾಸ್ತಾಕ್ಕೆ ಒಂದೇ ಕಾಯಿ ಹಾಕಿ, ಉಳಿದದ್ದನ್ನು ಗಾಜಿನ ಪಾತ್ರೆಗೆ ಬದಲಿಸಿ ಫ್ರೀಜರಿನಲ್ಲಿಡಿ.

ಪ್ರಶ್ನೆ: ಕುದಿಯುವ ನೀರಿಗೆ ಎಣ್ಣೆ ಹಾಕಬೇಕೇ? ಟೊಮೆಟೊ ಬದಲು ಕೆಚಪ್ ಆಗುತ್ತದೆಯೇ?

ಎರಡಕ್ಕೂ ಬೇಡ ಎಂದೇ ಉತ್ತರ. ನೀರಿಗೆ ಬೇಕಾದದ್ದು ಉಪ್ಪು, ಲೀಟರಿಗೆ ಹತ್ತು ಗ್ರಾಂ.