ಟ್ರೇಲರ್ ಮೇಲೆ ಮಿನಿ ಟ್ರ್ಯಾಕ್ಟರ್ ಕಟ್ಟಲು ಎರಡು ಬೆಲ್ಟ್ ಸಾಕೇ?

ಸಾಲದು. ಮುಂದೆ ಲೋಡರ್ ಬಕೆಟ್ ಮೇಲೆ ಒಂದು ರಾಚೆಟ್ ಬೆಲ್ಟ್ (ಹಲ್ಲುಚಕ್ರದ ಹಿಡಿಯಿಂದ ಬಿಗಿಸುವ ಪಟ್ಟಿ), ಹಿಂದೆ ಮಣ್ಣು ಪುಡಿಮಾಡುವ ರೋಟವೇಟರ್ ಮೇಲೆ ಇನ್ನೊಂದು ಹಾಯಿಸಿ ಹ್ಯಾಂಡ್ ಬ್ರೇಕ್ ಎಳೆದಿದ್ದೇನೆ, ತಳ್ಳಿ ನೋಡಿದರೂ ಅಲುಗಾಡುವುದಿಲ್ಲ ಎಂದು ಬರೆದಿದ್ದೀರಿ. ನಿಂತ ಟ್ರೇಲರ್ ಮೇಲೆ ಟ್ರ್ಯಾಕ್ಟರ್ ಕಟ್ಟದಿದ್ದರೂ ಅಲುಗಾಡುವುದಿಲ್ಲ, ತನ್ನ ಭಾರಕ್ಕೇ ಕೂತಿರುತ್ತದೆ. ಮುಂದಿನ ವಾಹನ ದಿಢೀರನೆ ನಿಂತು ನೀವು ಬ್ರೇಕನ್ನು ಪೂರ್ತಿ ತುಳಿದಾಗ ಏನಾಗುತ್ತದೆ ಎಂಬ ಲೆಕ್ಕಕ್ಕೆ ತಕ್ಕಂತೆ ಕಟ್ಟಬೇಕು. ಅಮೆರಿಕದ ಸಾಗಣೆ ನಿಯಮವೂ ಯೂರೋಪಿನ ಮಾನದಂಡವೂ ಇದಕ್ಕೆ ಹೆಚ್ಚುಕಡಿಮೆ ಒಂದೇ ಅಳತೆ ಇಟ್ಟಿವೆ: ಮುಂದಕ್ಕೆ ಸರಕಿನ ಭಾರದ ಶೇ 80ರಷ್ಟು, ಹಿಂದಕ್ಕೂ ಪಕ್ಕಕ್ಕೂ ಶೇ 50ರಷ್ಟು ಎಳೆತವನ್ನು ಕಟ್ಟು ತಡೆಯಬೇಕು. 1,200 ಕೆಜಿ ಟ್ರ್ಯಾಕ್ಟರ್ ಎಂದರೆ ಮುಂದಕ್ಕೆ 960 ಕೆಜಿ. ನಿಮ್ಮ ಎರಡು ಬೆಲ್ಟ್‌ಗಳೂ ಅಡ್ಡಲಾಗಿ ಹಾಯ್ದು ಕೆಳಕ್ಕೆ ಒತ್ತುತ್ತಿವೆಯೇ ಹೊರತು ಮುಂದಕ್ಕೆ ಜಾರುವುದನ್ನು ಹಿಡಿಯುವಂತಿಲ್ಲ.

ಇನ್ನೊಂದು ತೊಂದರೆ ಟೈರಿನದು. ಗಾಳಿ ತುಂಬಿದ ದೊಡ್ಡ ಟೈರು ಪ್ರತಿ ಗುಂಡಿಗೂ ಅದುಮಿ ಏಳುತ್ತದೆ. ಅದುಮಿದಾಗ ಬೆಲ್ಟ್ ಸಡಿಲ, ಎದ್ದಾಗ ಜಗ್ಗು. ಮೇಲೆ ಹೊದಿಸಿದಂತೆ ಕಟ್ಟಿದ ಬೆಲ್ಟ್ ಹೀಗೆಯೇ ಕೊಕ್ಕೆ ಕಳಚಿಕೊಂಡು ಬರುವುದು. ಆದ್ದರಿಂದ ಟ್ರ್ಯಾಕ್ಟರಿನ ಕಬ್ಬಿಣವನ್ನು ಟ್ರೇಲರಿನ ಕಬ್ಬಿಣಕ್ಕೆ ನೇರವಾಗಿ, ಟೈರು ಕೊಂಚ ಅದುಮುವಷ್ಟು ಬಿಗಿಯಾಗಿ ಕಟ್ಟಬೇಕು.

ನಾನು ನನ್ನ ಟ್ರ್ಯಾಕ್ಟರನ್ನು ನಾಲ್ಕು ಸರಪಳಿಗಳಿಂದ ಕಟ್ಟುತ್ತೇನೆ. ಮುಂದಿನ ಎರಡು ಚಾಸಿಯಿಂದ ಟ್ರೇಲರಿನ ಮುಂದಿನ ಮೂಲೆಗಳಿಗೆ, ಹಿಂದಿನ ಎರಡು ಡ್ರಾಬಾರಿನ (ಟ್ರ್ಯಾಕ್ಟರಿನ ಹಿಂದೆ ಎಳೆಯಲು ಇರುವ ಕಬ್ಬಿಣದ ಪಟ್ಟಿ) ಬುಡದಿಂದಲೋ ಹಿಂದಿನ ಆಕ್ಸಲಿನ ಗಟ್ಟಿ ಭಾಗದಿಂದಲೋ ಹಿಂದಿನ ಮೂಲೆಗಳಿಗೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಯನ್ನು ಬೇರೆಡೆ ಬೈಗುಳವಾಗಿ ಬಳಸುತ್ತಾರೆ, ಇಲ್ಲಿ ನಮಗೆ ಬೇಕಾದದ್ದೇ ಅದು: ಮುಂದಿನ ಜೋಡಿ ಮುಂದಕ್ಕೆ, ಹಿಂದಿನ ಜೋಡಿ ಹಿಂದಕ್ಕೆ ಎಳೆಯುತ್ತಿರಬೇಕು. ಅಮೆರಿಕದ ನಿಯಮ ನಾಲ್ಕು ಕಟ್ಟುಗಳನ್ನು ಕಡ್ಡಾಯ ಮಾಡುವುದು ಸುಮಾರು 4,536 ಕೆಜಿ ಮತ್ತು ಅದಕ್ಕೂ ಭಾರದ ಯಂತ್ರಗಳಿಗೆ. ಆದರೂ ಹಗುರ ಯಂತ್ರಕ್ಕೆ ಒಂದೆರಡು ಸರಪಳಿ ಉಳಿಸಿ ಗಳಿಸುವುದೇನೂ ಇಲ್ಲ.

ಕೋನದ ವಿಚಾರವನ್ನು ಬಹಳ ಮಂದಿ ಗಮನಿಸುವುದೇ ಇಲ್ಲ. ಸರಪಳಿ ಕಡಿದಾಗಿ ಇಳಿದಷ್ಟೂ ಅದರ ಬಲ ಕೆಳಕ್ಕೆ ಒತ್ತುವುದರಲ್ಲೇ ಮುಗಿಯುತ್ತದೆ. ನೆಲಕ್ಕೆ 60 ಡಿಗ್ರಿ ಕೋನದಲ್ಲಿದ್ದರೆ ಉದ್ದಕ್ಕೆ ಹಿಡಿಯಲು ಸಿಗುವುದು ಎಳೆತದ ಅರ್ಧ ಮಾತ್ರ. 45 ಡಿಗ್ರಿಯಲ್ಲಿ ಇಳಿದು, ಪಕ್ಕಕ್ಕೂ 45 ಡಿಗ್ರಿ ಓರೆಯಾಗಿದ್ದರೆ ಆಗಲೂ ಅರ್ಧವೇ. ಅದಕ್ಕೇ ನಾನು ಕೆಳಗಿನ ಕೊಕ್ಕೆಯನ್ನು ಟ್ರ್ಯಾಕ್ಟರಿನಿಂದ ಸಾಧ್ಯವಾದಷ್ಟು ದೂರದ ರಿಂಗಿಗೆ ಹಾಕುತ್ತೇನೆ.

ಎಲ್ಲಿ ಕಟ್ಟಬಾರದು ಎಂಬುದೂ ಅಷ್ಟೇ ಮುಖ್ಯ. ಕೈಗೆ ಸುಲಭವಾಗಿ ಸಿಗುತ್ತದೆಂದು ಸ್ಟೇರಿಂಗಿನ ಟೈ ರಾಡ್‌ಗೆ ಕೊಕ್ಕೆ ಹಾಕಿದರೆ ಅದು ಬಾಗುತ್ತದೆ, ಆಮೇಲೆ ಮುಂದಿನ ಚಕ್ರಗಳು ನೇರ ನಿಲ್ಲುವುದಿಲ್ಲ. ಚಾಲಕನ ಹಿಂದಿನ ರಕ್ಷಣಾ ಕಮಾನು ಬೇಡ, ಬಂಪರ್ ಬೇಡ, ಹೈಡ್ರಾಲಿಕ್ ಪೈಪಿನ ಮೇಲೆ ಸರಪಳಿ ಉಜ್ಜುವಂತೆ ಹಾಯಿಸುವುದಂತೂ ಬೇಡವೇ ಬೇಡ. ಬಕೆಟ್ ಮತ್ತು ರೋಟವೇಟರನ್ನು ಹಲಗೆಗೆ ತಾಗುವಂತೆ ಪೂರ್ತಿ ಇಳಿಸಿ. ಅವುಗಳ ಮೇಲೆ ಈಗ ಹಾಕಿರುವ ಬೆಲ್ಟ್‌ಗಳು ಹಾಗೇ ಇರಲಿ, ಅವು ಆ ಉಪಕರಣ ಏಳದಂತೆ ಹಿಡಿಯಲಷ್ಟೇ. ನಾಲ್ಕು ಸರಪಳಿಗಳ ಲೆಕ್ಕದಲ್ಲಿ ಅವನ್ನು ಸೇರಿಸಬೇಡಿ.

ಸರಪಳಿ ಕೊಳ್ಳುವಾಗ ದಪ್ಪವೊಂದನ್ನೇ ನೋಡಬೇಡಿ. ಸಾಗಣೆಗೆಂದೇ ಮಾಡುವುದು ಗ್ರೇಡ್ 70 (ಗ್ರೇಡ್ ಎಂದರೆ ಉಕ್ಕಿನ ಗಟ್ಟಿತನದ ದರ್ಜೆ); ಸಾಮಾನ್ಯವಾಗಿ ಹೊಂಬಣ್ಣ ಇರುತ್ತದೆ, ಆದರೆ ಬಣ್ಣವನ್ನು ನಂಬದೆ ಕೊಂಡಿಯ ಮೇಲೆ 7, 70 ಅಥವಾ 700 ಎಂದು ಅಚ್ಚೊತ್ತಿದೆಯೇ ನೋಡಿ. 5/16 ಇಂಚಿನ ಗ್ರೇಡ್ 70 ಸರಪಳಿಯ ಸುರಕ್ಷಿತ ಹೊರೆಮಿತಿ ಸುಮಾರು 2,130 ಕೆಜಿ, ನಿಮ್ಮ ಟ್ರ್ಯಾಕ್ಟರಿಗೆ ಧಾರಾಳ. ಬೆಲ್ಟ್‌ನ ಪೊಟ್ಟಣದ ಮೇಲೆ ದಪ್ಪಕ್ಷರದಲ್ಲಿ ಇರುವುದು ಬಹುತೇಕ ಹರಿಯುವ ಮಿತಿ; ಹೊರೆಮಿತಿ ಅದರ ಮೂರನೇ ಒಂದು ಭಾಗ, ಸಣ್ಣಕ್ಷರದಲ್ಲಿ ಇರುತ್ತದೆ. ಸರಪಳಿ ಎಷ್ಟೇ ಗಟ್ಟಿಯಿರಲಿ, ಕೊಕ್ಕೆ, ಬಿಗಿಸುವ ಸಾಧನ, ಟ್ರೇಲರಿನ ರಿಂಗು ಇವುಗಳಲ್ಲಿ ಯಾವುದು ಅತಿ ದುರ್ಬಲವೋ ಅದರ ಮಿತಿಯೇ ಇಡೀ ಕಟ್ಟಿನ ಮಿತಿ.

ಬಿಗಿಸಲು ರಾಚೆಟ್ ಮಾದರಿಯನ್ನೇ ಕೊಳ್ಳಿ. ಸನ್ನೆಕೋಲಿನಂತೆ ಒಮ್ಮೆಲೇ ಮಡಚುವ ಮಾದರಿ ಅಗ್ಗ, ಬೇಗವೂ ಆಗುತ್ತದೆ, ಆದರೆ ಬಿಚ್ಚುವಾಗ ಹಿಡಿ ಸಿಡಿದು ದವಡೆಗೆ ಬಡಿಯುವ ಅಪಾಯವಿದೆ. ಅದಕ್ಕೆ ಪೈಪು ತೂರಿಸಿ ಇನ್ನಷ್ಟು ಬಿಗಿಸುವುದು ಆ ಅಪಾಯವನ್ನು ಕೈಯಾರೆ ಹೆಚ್ಚಿಸಿಕೊಂಡಂತೆ.

ಕಟ್ಟುವ ಮೊದಲಿನ ಕೆಲಸವೂ ಇದೆ. ಪುಸ್ತಕದಲ್ಲಿರುವ ತೂಕ ಹೆಚ್ಚಾಗಿ ಬರಿ ಟ್ರ್ಯಾಕ್ಟರಿನದು. ಲೋಡರ್, ರೋಟವೇಟರ್, ಹಿಂದಿನ ಟೈರಿಗೆ ತುಂಬಿದ ನೀರು ಎಲ್ಲವನ್ನೂ ಕೂಡಿಸಿ ಟ್ರೇಲರಿನ ಮಿತಿಯೊಂದಿಗೆ ಹೋಲಿಸಿ. ಹತ್ತಿಸುವಾಗ ಟ್ರೇಲರ್ ವಾಹನಕ್ಕೆ ಕೊಂಡಿ ಹಾಕಿಯೇ ಇರಲಿ, ಇಲ್ಲದಿದ್ದರೆ ಟ್ರ್ಯಾಕ್ಟರ್ ಹಿಂಭಾಗಕ್ಕೆ ಬಂದಾಗ ಮೂತಿ ಮೇಲೇಳುತ್ತದೆ. ಎಡ ಬಲ ಬ್ರೇಕ್ ಪೆಡಲ್‌ಗಳನ್ನು ಜೋಡಿಸುವ ಚಿಲಕ ಹಾಕಿ; ಹೊಲದಲ್ಲಿ ತಿರುಗಿಸಲೆಂದು ಅದನ್ನು ಬಿಡಿಸಿಟ್ಟು ಮರೆತಿದ್ದರೆ, ಇಳಿಜಾರು ಹಲಗೆಯ ಮೇಲೆ ಒಂದೇ ಚಕ್ರ ಹಿಡಿದು ಟ್ರ್ಯಾಕ್ಟರ್ ಓರೆಯಾಗುತ್ತದೆ. ಭಾರವಾದ ತುದಿ ಮೇಲ್ಗಡೆಗಿರಬೇಕು, ಹಿಂದೆ ರೋಟವೇಟರ್ ಇದ್ದು ಮುಂಭಾಗ ಹಗುರವಾಗಿದ್ದರೆ ರಿವರ್ಸ್‌ನಲ್ಲಿ ಹತ್ತಿಸುವುದೇ ಮೇಲು. ಹತ್ತಿಸಿದ ಮೇಲೆ ಗೇರ್, ಹ್ಯಾಂಡ್ ಬ್ರೇಕ್, ಚಕ್ರಕ್ಕೆ ಬೆಣೆ.

ನಿಲ್ಲಿಸುವ ಜಾಗವೂ ಮುಖ್ಯ. ಟ್ರೇಲರ್ ಮತ್ತು ಸರಕಿನ ಒಟ್ಟು ತೂಕದ ಶೇ 10ರಿಂದ 15ರಷ್ಟು ವಾಹನದ ಹಿಚ್ (ಟ್ರೇಲರ್ ಸಿಕ್ಕಿಸುವ ಕೊಂಡಿ) ಮೇಲೆ ಬೀಳುವಂತೆ ಟ್ರ್ಯಾಕ್ಟರನ್ನು ಹಿಂದೆ ಮುಂದೆ ಸರಿಸಿ. ಹಿಂಭಾಗ ಭಾರವಾದರೆ ವೇಗದಲ್ಲಿ ಟ್ರೇಲರ್ ಬಾಲ ಅಲ್ಲಾಡಿಸತೊಡಗುತ್ತದೆ. ಆಗ ಸರಪಳಿ ಎಷ್ಟು ಗಟ್ಟಿಯಿದ್ದರೂ ಪ್ರಯೋಜನವಿಲ್ಲ.

ಹೊರಟು ಹತ್ತಿಪ್ಪತ್ತು ಕಿಲೋಮೀಟರ್ ಆದ ಮೇಲೆ ನಿಲ್ಲಿಸಿ ನಾಲ್ಕನ್ನೂ ಕೈಯಿಂದ ಜಗ್ಗಿ ನೋಡಿ. ಒಂದಾದರೂ ಸಡಿಲವಾಗಿರುವುದು ಸಾಮಾನ್ಯ, ಒಂದೆರಡು ಹಲ್ಲು ಬಿಗಿಸಿ ಹೊರಡಿ. ಬಾನೆಟ್ ಚಿಲಕವನ್ನೂ ಆಗಲೇ ನೋಡಿಕೊಳ್ಳಿ, ಎದುರುಗಾಳಿಗೆ ಅದು ತೆರೆದುಕೊಳ್ಳಬಹುದು.

ನಿಮ್ಮ ಪ್ರಶ್ನೆಯಲ್ಲಿ ಟ್ರೇಲರಿನ ರಿಂಗುಗಳ ಬಗ್ಗೆ ಏನೂ ಇಲ್ಲ. ಚಾಸಿಗೆ ವೆಲ್ಡ್ ಆಗಿವೆಯೋ, ಬರಿ ಮರದ ಹಲಗೆಗೆ ಬೋಲ್ಟ್ ಹಾಕಿದ್ದಾರೋ ಕೆಳಗೆ ಬಗ್ಗಿ ನೋಡಿ ತಿಳಿಸಿ. ಹಲಗೆಗಾದರೆ ಸರಪಳಿ ಕೊಳ್ಳುವ ಮುಂಚೆ ಅದನ್ನೇ ಸರಿಮಾಡಿಸಬೇಕಾಗುತ್ತದೆ.