ಪುಕ್ಕಟೆ ಕ್ರಿಪ್ಟೊ: ಗಂಟೆಗೆ ಐದು ರೂಪಾಯಿ ಕೂಲಿ

ಓದುಗರ ಪತ್ರ

ಸಂಪಾದಕರಿಗೆ ನಮಸ್ಕಾರ. 2024ರಲ್ಲಿ ಐದು ತಿಂಗಳು ಟೆಲಿಗ್ರಾಮ್‌ನ ಹ್ಯಾಮ್ಸ್ಟರ್ ಆಟದಲ್ಲಿ ದಿನಕ್ಕೆ ಮುಕ್ಕಾಲು ಗಂಟೆ ಬೆರಳು ಬಡಿದೆ. ಕೊನೆಗೆ ಸಿಕ್ಕಿದ್ದು 620 ಟೋಕನ್, ಅಂದರೆ ಆ ಆಟದ ಕ್ರಿಪ್ಟೊ ನಾಣ್ಯ. ಇದಕ್ಕಿಂತ ಒಳ್ಳೆಯ ಏರ್‌ಡ್ರಾಪ್‌ಗಳು (ಪುಕ್ಕಟೆ ಟೋಕನ್ ಹಂಚಿಕೆಗಳು) ಹತ್ತಾರಿವೆ, ಮನೆಯವರೆಲ್ಲರ ಆಧಾರ್, ಪ್ಯಾನ್ ಕೊಟ್ಟರೆ ಐದು ಖಾತೆ ತೆರೆಯುತ್ತೇನೆ ಎನ್ನುತ್ತಿದ್ದಾನೆ ಅಕ್ಕನ ಮಗ. ಈ ನಡುವೆ ಕ್ರಿಪ್ಟೊ ಇಡುವ ನನ್ನ ವಾಲೆಟ್ ಆ್ಯಪ್‌ನಲ್ಲಿ ನಾನು ಕೇಳದ ಟೋಕನ್ ಒಂದು ಬಂದು ಕೂತಿದೆ. ಬೆಲೆ 2,300 ಡಾಲರ್ ಎಂದು ತೋರಿಸುತ್ತಿದೆ, ಹೆಸರಿನಲ್ಲೇ ಒಂದು ವೆಬ್‌ಸೈಟ್ ವಿಳಾಸವಿದೆ. ಮಾರಬಹುದೇ? ಇದೆಲ್ಲ ಮಾಡಲು ಯೋಗ್ಯವೇ? ತೆರಿಗೆಯ ಕಥೆ ಏನು?
– ಹೆಸರು ಬೇಡವೆಂದ ಓದುಗರು, ದಾವಣಗೆರೆ

ಸಂಪಾದಕರ ಉತ್ತರ

ಮೊದಲು ಆ 2,300 ಡಾಲರಿನ ಟೋಕನ್ ವಿಷಯ. ಅದನ್ನು ಮುಟ್ಟಬೇಡಿ. ಮಾರಲು ಹೋಗಬೇಡಿ, ಬೇರೆ ವಿಳಾಸಕ್ಕೆ ಕಳಿಸಲೂ ಬೇಡಿ, ಹೆಸರಿನಲ್ಲಿರುವ ವೆಬ್‌ಸೈಟ್ ತೆರೆಯಲಂತೂ ಬೇಡಿ. ವಾಲೆಟ್ ಆ್ಯಪ್‌ನಲ್ಲಿ ಟೋಕನ್ ಮರೆಮಾಡುವ ಆಯ್ಕೆ ಇರುತ್ತದೆ, ಅದನ್ನು ಒತ್ತಿ ಸುಮ್ಮನಿರಿ. ಬ್ಲಾಕ್‌ಚೈನ್‌ನಲ್ಲಿ (ಕ್ರಿಪ್ಟೊ ವ್ಯವಹಾರಗಳೆಲ್ಲ ದಾಖಲಾಗುವ ಬಹಿರಂಗ ಲೆಕ್ಕದ ಪುಸ್ತಕ, ಚುಟುಕಾಗಿ ಚೈನ್) ಯಾರ ವಿಳಾಸಕ್ಕಾದರೂ ಯಾರು ಬೇಕಾದರೂ ಟೋಕನ್ ಕಳಿಸಬಹುದು, ಪಡೆಯುವವರ ಒಪ್ಪಿಗೆ ಬೇಕಿಲ್ಲ. ಸುಮ್ಮನೆ ಬಂದು ಕೂತಿದ್ದರಿಂದ ನಿಮಗೇನೂ ಹಾನಿಯಾಗಿಲ್ಲ. ಹಾನಿ ಆಗುವುದು ಅದನ್ನು ನಗದು ಮಾಡಿಕೊಳ್ಳಲು ಹೋದಾಗ. ಕಳಿಸಿದವನೇ ಒಂದಿಷ್ಟು ಹಣ ಹಾಕಿ ಸಣ್ಣದೊಂದು ಮಾರುಕಟ್ಟೆ ಸೃಷ್ಟಿಸಿರುತ್ತಾನೆ, ವಾಲೆಟ್ ಅಲ್ಲಿಂದ ಬೆಲೆ ಎತ್ತಿಕೊಂಡು ತೋರಿಸುತ್ತದೆ. ನೀವು ಮಾರಲು ಒತ್ತಿದರೆ ವ್ಯವಹಾರ ವಿಫಲವಾಗುವ ಹಾಗೆ ಕೋಡ್ ಬರೆದಿರುತ್ತಾನೆ. ಆಗ ಆ ವೆಬ್‌ಸೈಟ್‌ಗೆ ಹೋಗುತ್ತೀರಿ, ಅದು ವಾಲೆಟ್ ಜೋಡಿಸಿ ಸಹಿ ಹಾಕಿ, ಅಂದರೆ ವಾಲೆಟ್ ಆ್ಯಪ್‌ನಲ್ಲಿ ಒಪ್ಪಿಗೆಯ ಗುಂಡಿ ಒತ್ತಿ ಎನ್ನುತ್ತದೆ.

ಆ ಸಹಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಪುಕ್ಕಟೆ ನಾಣ್ಯದ ಆಸೆಗೆ ಹಣ ಕಳೆದುಕೊಂಡವರಲ್ಲಿ ಬಹಳ ಜನ ಜಾರಿದ್ದು ಇಲ್ಲೇ. ವಾಲೆಟ್ ಕೇಳುವ ಸಹಿಗಳು ಎಲ್ಲವೂ ಒಂದೇ ಅಲ್ಲ. ಕೆಲವು ಬರೀ ಲಾಗಿನ್‌ಗೆ. ಕೆಲವು 'ಅಪ್ರೂವ್' ಎಂಬ ಅನುಮತಿ, ಅಂದರೆ ನಿಮ್ಮ ವಾಲೆಟ್‌ನಲ್ಲಿರುವ ಇಂಥ ಟೋಕನ್ ಅನ್ನು ಇಷ್ಟು ಪ್ರಮಾಣದವರೆಗೆ ಇನ್ನೊಂದು ಕಾಂಟ್ರಾಕ್ಟ್ (ಚೈನ್ ಮೇಲೆ ತಾನಾಗಿ ಓಡುವ ಪ್ರೋಗ್ರಾಂ) ಎತ್ತಿಕೊಳ್ಳಬಹುದು ಎಂಬ ಪರವಾನಗಿ. ಪ್ರಮಾಣದ ಜಾಗದಲ್ಲಿ 'ಅನ್‌ಲಿಮಿಟೆಡ್' ಎಂದಿದ್ದರೆ ಅಥವಾ 1157920892 ಎಂದು ಶುರುವಾಗುವ 78 ಅಂಕಿಗಳ ಸಂಖ್ಯೆ ಕಂಡರೆ, ಎಲ್ಲವನ್ನೂ ಕೊಡುತ್ತಿದ್ದೀರಿ ಎಂದೇ ಅರ್ಥ. ಎನ್‌ಎಫ್‌ಟಿಗಳಿಗೆ (ಚಿತ್ರದಂಥ ಡಿಜಿಟಲ್ ವಸ್ತುಗಳ ಒಡೆತನ ತೋರಿಸುವ ಟೋಕನ್‌ಗಳಿಗೆ) ಇದರ ತಮ್ಮನಂತಿರುವ 'ಸೆಟ್ ಅಪ್ರೂವಲ್ ಫಾರ್ ಆಲ್' ಇದೆ. ಮೂರನೆಯದು 'ಪರ್ಮಿಟ್', ಇನ್ನೂ ನಯವಂಚಕ. ಇದಕ್ಕೆ ಗ್ಯಾಸ್, ಅಂದರೆ ಚೈನ್‌ನಲ್ಲಿ ವ್ಯವಹಾರ ಮಾಡಲು ಕಟ್ಟುವ ಶುಲ್ಕ, ಬೀಳುವುದಿಲ್ಲ. ದುಡ್ಡು ಕೇಳಲಿಲ್ಲವಲ್ಲ, ಬರೀ ಸಹಿ ತಾನೇ ಎಂದು ಒತ್ತುತ್ತಾರೆ. ಆ ಸಹಿಯನ್ನು ವಂಚಕ ತಾನೇ ಗ್ಯಾಸ್ ಕಟ್ಟಿ ಚೈನ್‌ಗೆ ಸಲ್ಲಿಸಿ ನಿಮ್ಮ ಟೋಕನ್ ಸಾಗಿಸುತ್ತಾನೆ.

ಒಂದು ವೇಳೆ ಈಗಾಗಲೇ ಎಲ್ಲಾದರೂ ಸಹಿ ಹಾಕಿದ್ದರೆ, ವಾಲೆಟ್‌ನಲ್ಲಿ 'ಡಿಸ್‌ಕನೆಕ್ಟ್' ಒತ್ತಿದರೆ ಸಾಲದು. ವೆಬ್‌ಸೈಟ್‌ನ ಸಂಪರ್ಕ ಕಡಿಯುತ್ತದೆ, ಚೈನ್ ಮೇಲಿನ ಪರವಾನಗಿ ಹಾಗೇ ಉಳಿದಿರುತ್ತದೆ. ಎಥೆರಿಯಂ ಎಂಬ ಬ್ಲಾಕ್‌ಚೈನ್‌ನ ಬಳಗದವಾದರೆ, ಅದರ ವ್ಯವಹಾರ ತೋರಿಸುವ ಈಥರ್‌ಸ್ಕ್ಯಾನ್ ವೆಬ್‌ಸೈಟ್‌ನ ಟೋಕನ್ ಅಪ್ರೂವಲ್ ಪುಟದಲ್ಲಿ ಅಥವಾ ರಿವೋಕ್ ಡಾಟ್ ಕ್ಯಾಶ್‌ನಲ್ಲಿ ನಿಮ್ಮ ವಿಳಾಸ ಹಾಕಿ, ಕೊಟ್ಟ ಅನುಮತಿಗಳನ್ನು ಒಂದೊಂದಾಗಿ ರದ್ದು ಮಾಡಿ. ಪ್ರತಿ ರದ್ದತಿಗೂ ಸ್ವಲ್ಪ ಗ್ಯಾಸ್ ತಗಲುತ್ತದೆ. ಸೀಡ್ ಫ್ರೇಸ್ ಎನ್ನುವ, ಇಡೀ ವಾಲೆಟ್‌ಗೆ ಕೀಲಿಯಾದ 12 ಅಥವಾ 24 ಪದಗಳನ್ನೇ ಎಲ್ಲಾದರೂ ಬರೆದುಕೊಟ್ಟಿದ್ದರೆ ರದ್ದತಿಯಿಂದ ಏನೂ ಆಗದು. ಹೊಸ ಪದಗಳಿರುವ ಹೊಸ ವಾಲೆಟ್ ಮಾಡಿ ಉಳಿದದ್ದನ್ನು ಕೂಡಲೇ ಸಾಗಿಸಬೇಕು. ಹಳೆಯದಕ್ಕೆ ಗ್ಯಾಸ್‌ಗೆಂದು ಹಾಕಿದ ದುಡ್ಡನ್ನೂ ವಂಚಕರ ಬಾಟ್‌ಗಳು ಕ್ಷಣದಲ್ಲಿ ಗುಡಿಸಿಕೊಂಡು ಹೋಗುವುದುಂಟು.

ಇನ್ನು ನಿಮ್ಮ ಮುಖ್ಯ ಪ್ರಶ್ನೆ, ಮಾಡಲು ಯೋಗ್ಯವೇ ಎಂಬುದು. ಹ್ಯಾಮ್ಸ್ಟರ್ ಲೆಕ್ಕವನ್ನೇ ಹಿಡಿಯೋಣ. 2024ರ ಸೆಪ್ಟೆಂಬರ್ 26ರಂದು ಅದರ ಟೋಕನ್ ಮಾರುಕಟ್ಟೆಗೆ ಬಂದಾಗ ಬೆಲೆ ಒಂದು ಸೆಂಟ್ ಆಸುಪಾಸು. ಆಟಗಾರರಿಗೆ ಮೀಸಲಿಟ್ಟದ್ದು 6,000 ಕೋಟಿ ಟೋಕನ್, ಅರ್ಹರಾದವರು ಸುಮಾರು 13 ಕೋಟಿ ಜನ. ಭಾಗಿಸಿದರೆ ತಲೆಗೆ 460, ಅಂದರೆ ನಾಲ್ಕೂವರೆ ಡಾಲರ್. ನಿಮ್ಮ 620 ಸರಾಸರಿಗಿಂತ ಮೇಲೇ ಇದೆ! ಮೊದಲ ದಿನವೇ ಮಾರಿದ್ದರೂ ಸುಮಾರು 520 ರೂಪಾಯಿ. ಐದು ತಿಂಗಳು, ದಿನಕ್ಕೆ ಮುಕ್ಕಾಲು ಗಂಟೆ ಎಂದರೆ 112 ಗಂಟೆ. ಗಂಟೆಗೆ ಐದು ರೂಪಾಯಿ ಕೂಡ ಬೀಳಲಿಲ್ಲ. ಅದೇ ವರ್ಷ ಕರ್ನಾಟಕದಲ್ಲಿ ನರೇಗಾ ದಿನಗೂಲಿ 349 ರೂಪಾಯಿ ಇತ್ತು. ಅಷ್ಟು ಜನ ಸೇರಿದ ಆಟದಲ್ಲಿ ಬೇರೆ ಫಲ ಬರುವ ಸಾಧ್ಯತೆಯೇ ಇರಲಿಲ್ಲ. ಟೋಕನ್ ಹಂಚುವವರ ಬಳಿ ಇರುವ ಬುಟ್ಟಿಯ ಗಾತ್ರ ಮೊದಲೇ ನಿಗದಿ, ಕೈ ಹಾಕುವವರು ಹೆಚ್ಚಿದಷ್ಟೂ ಪಾಲು ಸಣ್ಣದು.

ಹಾಗಾದರೆ ಏರ್‌ಡ್ರಾಪ್‌ನಲ್ಲಿ ಲಕ್ಷಗಟ್ಟಲೆ ಬಂತು ಎನ್ನುವವರೆಲ್ಲ ಸುಳ್ಳು ಹೇಳುತ್ತಾರೆಯೇ? ಇಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಟೋಕನ್ ವಿನಿಮಯದ ಸೇವೆಯಾದ ಯೂನಿಸ್ವಾಪ್ ತನ್ನನ್ನು ಆ ತಿಂಗಳ 1ಕ್ಕೆ ಮೊದಲು ಒಮ್ಮೆಯಾದರೂ ಬಳಸಿದ್ದ ಪ್ರತಿ ವಿಳಾಸಕ್ಕೆ ಕನಿಷ್ಠ 400 ಯೂನಿ ಟೋಕನ್ ಕೊಟ್ಟಿತು. ಆಗಲೇ ಅದು ಸಾವಿರ ಡಾಲರ್ ದಾಟಿತ್ತು, 2021ರ ಮೇ ತಿಂಗಳ ಏರಿಕೆಯಲ್ಲಿ ಅದರ ಹತ್ತು ಪಟ್ಟಿಗೂ ಮಿಗಿಲಾಯಿತು. ಈ ಹಂಚಿಕೆಯ ಗುಟ್ಟು ಇಷ್ಟೇ: ಯಾರಿಗೂ ಮೊದಲೇ ಗೊತ್ತಿರಲಿಲ್ಲ. ಬಹುಮಾನ ಸಿಕ್ಕಿದ್ದು ಬಹುಮಾನಕ್ಕಾಗಿ ಬಂದವರಿಗಲ್ಲ, ತಮ್ಮ ಕೆಲಸಕ್ಕೆ ಆ ಸೇವೆ ಬಳಸಿದ್ದವರಿಗೆ. ಅದಾದ ಮೇಲೆ ಆಟ ಬದಲಾಯಿತು. ಮುಂದೆ ಟೋಕನ್ ಬರಬಹುದು ಎಂಬ ವಾಸನೆ ಬಡಿದ ಕಡೆಯೆಲ್ಲ ಒಬ್ಬೊಬ್ಬರು ನೂರಾರು ವಾಲೆಟ್ ಹಿಡಿದು ನುಗ್ಗತೊಡಗಿದರು. ಯೋಜನೆಗಳೂ ಜಾಣರಾದವು. ಪಾಯಿಂಟ್, ಸೀಸನ್, ಮಟ್ಟ ಎಂದು ತಿಂಗಳುಗಟ್ಟಲೆ ಎಳೆಯುತ್ತವೆ, ಒಂದು ಪಾಯಿಂಟಿಗೆ ಎಷ್ಟು ಟೋಕನ್ ಎಂದು ಕೊನೆಯವರೆಗೂ ಹೇಳುವುದಿಲ್ಲ. ದರ ಹೇಳದೆ ಕೂಲಿಗೆ ಕರೆಯುವ ಮೇಸ್ತ್ರಿಯ ಬಳಿ ನಮ್ಮೂರಲ್ಲಿ ಯಾರೂ ಹೋಗುವುದಿಲ್ಲ.

ಇದು ಹೊಸ ರೋಗವೂ ಅಲ್ಲ. 2010ರಲ್ಲಿ ಬಿಟ್‌ಕಾಯಿನ್‌ನ ಆರಂಭದ ದಿನಗಳ ಪ್ರೋಗ್ರಾಮರ್ ಗ್ಯಾವಿನ್ ಆಂಡ್ರೆಸನ್ ತಮ್ಮ 'ಬಿಟ್‌ಕಾಯಿನ್ ಫಾಸೆಟ್' (ನೀರಿನ ನಲ್ಲಿ ಎಂಬರ್ಥದ ಹೆಸರು) ವೆಬ್‌ಸೈಟ್‌ನಿಂದ ಬಂದವರಿಗೆಲ್ಲ ಐದೈದು ಬಿಟ್‌ಕಾಯಿನ್ ಕೊಡಲು ಶುರುಮಾಡಿದಾಗ ಒಂದರ ಬೆಲೆ ಒಂದು ಸೆಂಟ್ ಕೂಡ ಇರಲಿಲ್ಲ. ಕೈಯಲ್ಲಿ ನಾಲ್ಕು ನಾಣ್ಯ ಇದ್ದರೆ ತಾನೇ ಜನ ಬಳಸಿ ನೋಡುವುದು ಎಂಬುದಷ್ಟೇ ಉದ್ದೇಶ. 2014ರ ಮಾರ್ಚ್‌ನಲ್ಲಿ ಐಸ್‌ಲ್ಯಾಂಡ್‌ನ ಪ್ರತಿ ಪ್ರಜೆಗೂ 31.8 ಔರೊರಾಕಾಯಿನ್ ಎಂದು ಹಂಚಲು ಹೊರಟರು. ತೆಗೆದುಕೊಳ್ಳುವ ಅಂಗಡಿಗಳಿರಲಿಲ್ಲ, ಬಿಟ್ಟಿ ಬಂದದ್ದನ್ನು ಜನ ಮಾರಿದರು, ಬೆಲೆ ನೆಲಕಚ್ಚಿತು. ಹಂಚಿಕೆಯ ದಿನವೇ ಮಾರಾಟದ ಒತ್ತಡ ಬೀಳುವುದು ಇಂದಿಗೂ ಸಾಮಾನ್ಯ. ಫೋನಿನಲ್ಲೇ ನಾಣ್ಯ ಗಳಿಸಿ ಎಂದ ಪೈ ನೆಟ್‌ವರ್ಕ್ ಆ್ಯಪ್ ನೋಡಿ: 2019ರಿಂದ ಜನ ದಿನಕ್ಕೊಮ್ಮೆ ಗುಂಡಿ ಒತ್ತುತ್ತ ಕಾದರು, 2025ರ ಫೆಬ್ರುವರಿ 20ಕ್ಕೆ ಮಾರುಕಟ್ಟೆ ತೆರೆಯಿತು, ವಾರದೊಳಗೆ ಮೂರು ಡಾಲರ್ ಹತ್ತಿರ ಹೋದದ್ದು ಮಾರ್ಚ್ ಕೊನೆಗೆ ಒಂದು ಡಾಲರಿಗಿಂತ ಕೆಳಗಿತ್ತು.

ಸಮಯವಲ್ಲದೆ ಬೇರೆ ಬೆಲೆಯೂ ಇದೆ. ಎಥೆರಿಯಂ ಮುಖ್ಯ ಚೈನ್‌ನಲ್ಲಿ ಒಂದು ಕ್ಲೇಮ್‌ಗೆ (ಏರ್‌ಡ್ರಾಪ್ ಟೋಕನ್ ಕೇಳಿ ಪಡೆಯುವುದಕ್ಕೆ) ಸುಮಾರು ಒಂದು ಲಕ್ಷ ಯೂನಿಟ್ ಗ್ಯಾಸ್ ಖರ್ಚಾಗುತ್ತದೆ ಎನ್ನಿ. ಗ್ಯಾಸ್ ದರ ಯೂನಿಟ್‌ಗೆ 20 ಗ್ವೈ ಇದ್ದರೆ 0.002 ಈಥರ್. (ಈಥರ್ ಎಂದರೆ ಎಥೆರಿಯಂನ ನಾಣ್ಯ, ಗ್ವೈ ಅದರ ನೂರು ಕೋಟಿಯಲ್ಲಿ ಒಂದು ಭಾಗ.) ಈಥರ್ 3,000 ಡಾಲರ್ ಇದ್ದರೆ ಅದು ಆರು ಡಾಲರ್, ನೀವು ಐದು ತಿಂಗಳಲ್ಲಿ ಗಳಿಸಿದಷ್ಟು. ಎಥೆರಿಯಂ ಮೇಲೆ ಕಟ್ಟಿದ ಆರ್ಬಿಟ್ರಮ್‌ನಂಥ ಎರಡನೇ ಪದರದ ಚೈನ್‌ಗಳಲ್ಲಿ ಕೆಲವೇ ರೂಪಾಯಿಗಳಲ್ಲಿ ಮುಗಿಯುತ್ತದೆ. ಇನ್ನು ಕೆಲವರು ಕೇಳುವ ಬೆಲೆ ದುಡ್ಡಿನದೇ ಅಲ್ಲ. 2023ರಲ್ಲಿ ವರ್ಲ್ಡ್‌ಕಾಯಿನ್ ಎಂಬ ಯೋಜನೆ ಟೋಕನ್ ಕೊಟ್ಟು ಕಣ್ಣಿನ ಪಾಪೆಯ ಗುರುತು ತೆಗೆದುಕೊಂಡಿತು, ಬೆಂಗಳೂರಿನಲ್ಲೂ ಆ ಯಂತ್ರ ಇಟ್ಟಿದ್ದರು. ಅದೇ ಆಗಸ್ಟ್‌ನಲ್ಲಿ ಕೆನ್ಯಾ ಸರ್ಕಾರ ಅದನ್ನು ತಡೆಯಿತು. ಪಾಸ್‌ವರ್ಡ್ ಸೋರಿದರೆ ಬದಲಿಸಬಹುದು, ಕಣ್ಣನ್ನು ಬದಲಿಸಲಾಗದು.

ಶುದ್ಧ ವಂಚನೆಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮೊದಲು ನೀವು ಕಳಿಸಿ, ಎರಡರಷ್ಟು ಕೊಡುತ್ತೇವೆ ಎಂದವರು ಯಾರೇ ಆಗಲಿ ಕಳ್ಳರು. ಹೇಳಿದ ಖಾತೆ ಅಸಲಿಯೇ ಎಂದು ನೋಡಿದರೂ ಉಪಯೋಗವಿಲ್ಲ. 2021ರ ಡಿಸೆಂಬರ್‌ನಲ್ಲಿ ಪ್ರಧಾನಿಯವರ ಟ್ವಿಟರ್ ಖಾತೆಯೇ ಕನ್ನವಾಗಿ, ಸರ್ಕಾರ 500 ಬಿಟ್‌ಕಾಯಿನ್ ಕೊಂಡು ಜನರಿಗೆ ಹಂಚುತ್ತಿದೆ ಎಂದು ಸುಳ್ಳು ಬಿತ್ತರವಾಗಿತ್ತು. 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್‌ನ ಯೂಟ್ಯೂಬ್ ಚಾನೆಲ್‌ನಲ್ಲೂ ಕ್ರಿಪ್ಟೊ ಜಾಹೀರಾತು ಓಡಿತು. ಇತ್ತೀಚಿನ ಒಂದು ಉಪಾಯ ಮಾತ್ರ ತಿಳಿದಿರಲಿ: ಯಾರೋ ಅಮಾಯಕರಂತೆ ತಮ್ಮ ಸೀಡ್ ಫ್ರೇಸನ್ನೇ ಬಹಿರಂಗವಾಗಿ ಹಾಕಿ ಸಹಾಯ ಕೇಳುತ್ತಾರೆ. ತೆರೆದು ನೋಡಿದರೆ ಟ್ರಾನ್ ಚೈನ್‌ನಲ್ಲಿ ಸಾವಿರಾರು ಡಾಲರಿನ ಯುಎಸ್‌ಡಿಟಿ (ಡಾಲರಿಗೆ ಸಮನಾಗಿ ಬೆಲೆ ಇಟ್ಟ ಟೋಕನ್). ಹೊರತೆಗೆಯಲು ಶುಲ್ಕಕ್ಕೆ ಟ್ರಾನ್‌ನ ಸ್ವಂತ ನಾಣ್ಯವಾದ ಟಿಆರ್‌ಎಕ್ಸ್ ಸ್ವಲ್ಪ ಬೇಕು. ಲಪಟಾಯಿಸುವ ಆಸೆಗೆ ಟಿಆರ್‌ಎಕ್ಸ್ ಹಾಕುತ್ತೀರಿ, ಅದು ಹೋಗುತ್ತದೆ. ಆ ವಾಲೆಟ್‌ನ ಹಣ ಸಾಗಿಸುವ ಅಧಿಕಾರ ಬೇರೆಯೇ ಕೀಲಿಯ ಬಳಿ ಇರುತ್ತದೆ. ಇಂಥದರಲ್ಲಿ ಹಣ ಕಳೆದವರು ದೂರು ಕೊಡಲೂ ನಾಚುತ್ತಾರೆ. ನಾಚದೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ಅಥವಾ ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಹೋಗುವುದು ಒಳ್ಳೆಯದು. ಹಣ ಇನ್ನೂ ದೇಶದೊಳಗಿನ ಬ್ಯಾಂಕ್ ಅಥವಾ ಕ್ರಿಪ್ಟೊ ಕೊಳ್ಳುವ, ಮಾರುವ ಎಕ್ಸ್‌ಚೇಂಜ್‌ನಲ್ಲಿದ್ದರೆ ತಡೆಹಿಡಿಯುವ ಅವಕಾಶ ಇರುತ್ತದೆ.

ಇಷ್ಟರ ಮೇಲೂ ಮಾಡಬೇಕೆನಿಸಿದರೆ ಹೀಗೆ ಮಾಡಿ. ಏರ್‌ಡ್ರಾಪ್‌ಗೆಂದೇ ಬೇರೆ ಸೀಡ್ ಫ್ರೇಸ್‌ನ ವಾಲೆಟ್ ಇಟ್ಟುಕೊಳ್ಳಿ. ಒಂದೇ ಆ್ಯಪ್‌ನಲ್ಲಿ ಎರಡನೇ ಅಕೌಂಟ್ ಸೇರಿಸಿದರೆ ಪದಗಳು ಅವೇ ಇರುತ್ತವೆ, ಅದು ಬೇರೆಯಾಗದು. ಅದರಲ್ಲಿ ಗ್ಯಾಸ್‌ಗೆ ಬೇಕಾದ ಐನೂರು ರೂಪಾಯಿಗಿಂತ ಹೆಚ್ಚು ಇಡಬೇಡಿ. ಕ್ಲೇಮ್ ವಿಳಾಸವನ್ನು ಗೂಗಲ್‌ನಲ್ಲಿ ಹುಡುಕಬೇಡಿ, ಮೇಲ್ಗಡೆ ಬರುವ ಜಾಹೀರಾತು ನಕಲಿಯಾಗಿರಬಹುದು. ಯೋಜನೆಯ ಸ್ವಂತ ದಾಖಲೆ ಪುಟದಿಂದಲೇ ಹೋಗಿ. ಮೊದಲ ದಿನದ ನೂಕುನುಗ್ಗಲಿಗೆ ಸೇರಬೇಡಿ. ನಕಲಿ ಪುಟಗಳಿಗೆ ಅದೇ ಸುಗ್ಗಿ, ಅವಸರದಲ್ಲಿ ಯಾರೂ ಸಹಿ ಓದುವುದಿಲ್ಲ. 2023ರ ಮಾರ್ಚ್ 23ಕ್ಕೆ ಶುರುವಾದ ಆರ್ಬಿಟ್ರಮ್ ಕ್ಲೇಮ್‌ಗೆ ಸೆಪ್ಟೆಂಬರ್‌ವರೆಗೆ, ಅಂದರೆ ಆರು ತಿಂಗಳು ಅವಕಾಶವಿತ್ತು. ಹಾಗೆಂದು ಎಲ್ಲರೂ ಅಷ್ಟು ಕಾಲ ಕೊಡುವುದಿಲ್ಲ, ಕೊನೆಯ ದಿನಾಂಕ ನೋಡಿಕೊಳ್ಳಿ. ನಮ್ಮ ಅಭಿಪ್ರಾಯ ಕೇಳಿದರೆ, ಹೇಗೂ ಬಳಸುವ ಸೇವೆಯಿಂದ ಟೋಕನ್ ಬಂದರೆ ಪಡೆಯಿರಿ, ಟೋಕನ್‌ಗಾಗಿ ಸೇವೆ ಬಳಸಲು ಹೋಗಬೇಡಿ.

ತೆರಿಗೆಯಲ್ಲಿ ಒಂದು ಕೊಕ್ಕೆ ಇದೆ, ಬಹಳ ಮಂದಿಗೆ ಅದು ರಿಟರ್ನ್ ತುಂಬುವಾಗಲೇ ಗೊತ್ತಾಗುವುದು. ಲೆಕ್ಕಪರಿಶೋಧಕರು ಸಾಮಾನ್ಯವಾಗಿ ಅನುಸರಿಸುವ ಕ್ರಮದಲ್ಲಿ, ಏರ್‌ಡ್ರಾಪ್ ಕೈಗೆ ಬಂದ ದಿನದ ಮಾರುಕಟ್ಟೆ ಬೆಲೆ ನಿಮ್ಮ 'ಇತರ ಮೂಲಗಳ ಆದಾಯ', ನಿಮ್ಮ ಸ್ಲ್ಯಾಬ್ ದರದಲ್ಲಿ ತೆರಿಗೆ. ಆಮೇಲೆ ಮಾರಿದಾಗ ಆ ಬೆಲೆಯ ಮೇಲೆ ಲಾಭ ಬಂದಿದ್ದರೆ ಶೇ 30, ಜೊತೆಗೆ ಶೇ 4 ಸೆಸ್. ನಷ್ಟವಾದರೆ? 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದಂತೆ ಕ್ರಿಪ್ಟೊ ನಷ್ಟವನ್ನು ಯಾವ ಆದಾಯದಿಂದಲೂ ಕಳೆಯುವಂತಿಲ್ಲ, ಮುಂದಿನ ವರ್ಷಕ್ಕೂ ಒಯ್ಯುವಂತಿಲ್ಲ. ಒಂದು ಲಕ್ಷ ರೂಪಾಯಿ ಬೆಲೆ ಇದ್ದ ದಿನ ಟೋಕನ್ ಬಂತು, ನೀವು ಶೇ 20ರ ಸ್ಲ್ಯಾಬ್‌ನಲ್ಲಿದ್ದೀರಿ, ಇನ್ನೂ ಏರುತ್ತದೆ ಎಂದು ಕಾದು 20,000ಕ್ಕೆ ಮಾರಿದಿರಿ ಎನ್ನಿ. ತೆರಿಗೆ ಒಂದು ಲಕ್ಷದ ಮೇಲೆಯೇ: ಸೆಸ್ ಸೇರಿ 20,800. ಬಿಟ್ಟಿ ಬಂದದ್ದಕ್ಕೆ ಕೈಯಿಂದ 800 ಹಾಕಿದಂತಾಯಿತು, ಗ್ಯಾಸ್ ಬೇರೆ. ಆದ್ದರಿಂದ ದೊಡ್ಡ ಮೊತ್ತ ಬಂದರೆ ಕನಿಷ್ಠ ತೆರಿಗೆಗೆ ಸಾಲುವಷ್ಟನ್ನು ಅಂದೇ ಮಾರಿಡಿ. ಬಂದ ದಿನಾಂಕ, ಪ್ರಮಾಣ, ಆ ದಿನದ ಬೆಲೆ, ವ್ಯವಹಾರದ ಹ್ಯಾಶ್ (ಚೈನ್‌ನಲ್ಲಿ ಅದರ ಗುರುತಿನ ಸಂಖ್ಯೆ) ಇಷ್ಟನ್ನೂ ಬರೆದಿಟ್ಟುಕೊಳ್ಳಿ.

ಕೊನೆಗೆ ನಿಮ್ಮ ಅಕ್ಕನ ಮಗನ ಐದು ಖಾತೆ. ಒಬ್ಬನೇ ಹಲವರಂತೆ ನಟಿಸುವ ವಾಲೆಟ್‌ಗಳನ್ನು 'ಸಿಬಿಲ್' ಎಂದು ಕರೆದು ತೆಗೆದುಹಾಕುವುದೇ ಈಗ ಯೋಜನೆಗಳ ಮೊದಲ ಕೆಲಸ. (ಸಾಲದ ಸಿಬಿಲ್ ಸ್ಕೋರ್‌ಗೂ ಇದಕ್ಕೂ ಸಂಬಂಧವಿಲ್ಲ.) 2019ರಲ್ಲಿ ಸಂದೇಶ ಆ್ಯಪ್ ಕೀಬೇಸ್ ಮೂಲಕ ಸ್ಟೆಲ್ಲರ್ ಯೋಜನೆ ತನ್ನ ಲ್ಯೂಮೆನ್ ನಾಣ್ಯ ಹಂಚುತ್ತಿದ್ದುದನ್ನು ನಕಲಿ ಖಾತೆಗಳ ಹಾವಳಿಗೆ ಅರ್ಧಕ್ಕೇ ನಿಲ್ಲಿಸಬೇಕಾಯಿತು. 2024ರಲ್ಲಿ ಲೇಯರ್‌ಝೀರೊ ಎಂಬ ಯೋಜನೆ, ತಾವಾಗಿ ಒಪ್ಪಿಕೊಂಡವರಿಗೆ ಶೇ 15ರಷ್ಟು ಪಾಲು, ಸಿಕ್ಕಿಬಿದ್ದವರಿಗೆ ಸೊನ್ನೆ ಎಂದು ಸಾರಿತು. ಐದೂ ವಾಲೆಟ್‌ಗೆ ಒಂದೇ ಖಾತೆಯಿಂದ ಗ್ಯಾಸ್ ಹಾಕಿದರೆ, ಒಂದೇ ದಿನ ಒಂದೇ ಕ್ರಮದಲ್ಲಿ ವ್ಯವಹಾರ ಮಾಡಿದರೆ ಸಿಕ್ಕಿಬೀಳುವುದು ಸುಲಭ. ಹುಡುಗ ಅಷ್ಟು ಜಾಣನೇ ಆಗಿದ್ದರೂ ಮನೆಯವರ ಆಧಾರ್, ಪ್ಯಾನ್ ಕೊಡಬೇಡಿ. ನಿಮ್ಮ ತಾಯಿಯ ಪ್ಯಾನ್‌ನಲ್ಲಿ ಎಕ್ಸ್‌ಚೇಂಜ್ ಖಾತೆ ತೆರೆದು ಮಾರಿದರೆ ಶೇ 1 ಟಿಡಿಎಸ್ ಅವರ ಹೆಸರಿನ ತೆರಿಗೆ ದಾಖಲೆಯಲ್ಲಿ ಕಾಣಿಸುತ್ತದೆ, ತೆರಿಗೆ ಇಲಾಖೆಯ ನೋಟಿಸ್ ಬಂದರೆ ಅವರ ಹೆಸರಿಗೇ. ಆ ಖಾತೆಗೆ ಯಾವುದಾದರೂ ವಂಚನೆಯ ಹಣ ಹಾದುಹೋದರೆ ಬ್ಯಾಂಕ್ ತಡೆಹಿಡಿಯುವುದೂ ಅವರ ಖಾತೆಯನ್ನೇ, ಅವರ ಪಿಂಚಣಿ ಅದರಲ್ಲೇ ಬರುತ್ತಿದ್ದರೂ ಸರಿ. ಈಗಾಗಲೇ ಪ್ರತಿಗಳನ್ನು ಅವನ ಫೋನಿಗೆ ಕಳಿಸಿದ್ದರೆ, ಯಾವ ಯಾವ ಆ್ಯಪ್‌ಗೆ ಹಾಕಿದ್ದಾನೆ ಎಂದು ಪಟ್ಟಿ ಬರೆಸಿಕೊಳ್ಳಿ. ಆ ಖಾತೆಗಳನ್ನು ಅವನ ಕೈಯಿಂದಲೇ ಮುಚ್ಚಿಸಿ, ಆಧಾರ್ ಬಯೊಮೆಟ್ರಿಕ್ ಅನ್ನು ಲಾಕ್ ಮಾಡಿಸಿ.