ಮಗು ತೋರಿಸುವುದು ಮಂಡಿಯನ್ನು, ನೋವಿರುವುದು ಸೊಂಟದ ಕೀಲಿನಲ್ಲಿ

ಪ್ರಶ್ನೆ: ಡಾಕ್ಟರೇ, ನನ್ನ ಮಗನಿಗೆ ಐದು ವರ್ಷ, ಯುಕೆಜಿಗೆ ಹೋಗುತ್ತಿದ್ದಾನೆ. ಹನ್ನೆರಡು ದಿನಗಳ ಹಿಂದೆ, ಭಾನುವಾರ ಬೆಳಿಗ್ಗೆ, ಹಾಸಿಗೆಯಿಂದ ಇಳಿದವನು ಎಡಗಾಲನ್ನು ನೆಲಕ್ಕೆ ಊರಲಾಗದೆ ಜೋರಾಗಿ ಅತ್ತ. ಗೋಡೆ ಹಿಡಿದುಕೊಂಡು ಒಂಟಿಕಾಲಿನಲ್ಲಿ ಬಚ್ಚಲಿಗೆ ಹೋದ. ಎಲ್ಲಿ ನೋವು ಎಂದು ಕೇಳಿದರೆ ಮಂಡಿ ತೋರಿಸುತ್ತಿದ್ದ. ಬಿದ್ದಿರಲಿಲ್ಲ, ಊತವಿರಲಿಲ್ಲ, ಜ್ವರವೂ ಇರಲಿಲ್ಲ. ಅದಕ್ಕೆ ಮುಂಚಿನ ವಾರ ನೆಗಡಿ, ಕೆಮ್ಮು ಬಂದು ಹೋಗಿತ್ತು. ಮಂಡಿಯ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಆಮೇಲೆ ಮಕ್ಕಳ ವೈದ್ಯರು ರಕ್ತಪರೀಕ್ಷೆ ಮಾಡಿಸಿ, ಸೊಂಟದ ಅಲ್ಟ್ರಾಸೌಂಡ್ ತೆಗೆಸಿ, ಕೀಲಿನಲ್ಲಿ ಸ್ವಲ್ಪ ನೀರು ತುಂಬಿದೆ, ತಾನಾಗಿಯೇ ಹೋಗುತ್ತದೆ ಎಂದು ನೋವಿನ ಸಿರಪ್ ಮಾತ್ರ ಬರೆದುಕೊಟ್ಟರು. ಈಗ ನಡೆಯುತ್ತಾನೆ, ಆದರೆ ಸಂಜೆಯ ಹೊತ್ತಿಗೆ ಸ್ವಲ್ಪ ಕುಂಟುತ್ತಾನೆ. ನಮ್ಮ ಅತ್ತೆಯವರು ಇದು ಪೋಲಿಯೊ ಇರಬಹುದೆಂದು ಹೆದರಿದ್ದಾರೆ. ಪಕ್ಕದ ಮನೆಯವರು ಹರಳೆಣ್ಣೆ ಹಾಕಿ ನೀವಿಸಿದರೆ ಉಳುಕು ಬಿಡುತ್ತದೆ ಎನ್ನುತ್ತಾರೆ. ಬರಿಯ ಸಿರಪ್ ನಂಬಿ ಕೂರಬಹುದೇ?
– ಒಬ್ಬ ತಾಯಿ, ಬಸವೇಶ್ವರನಗರ, ಬೆಂಗಳೂರು

ಉತ್ತರ: ತಾಯಿ, ನಿಮ್ಮ ಮಕ್ಕಳ ವೈದ್ಯರು ಸರಿಯಾದ ಜಾಗವನ್ನೇ ಹುಡುಕಿದ್ದಾರೆ. ಮಗು ಮಂಡಿ ತೋರಿಸುತ್ತಿದ್ದರೂ ಅವರು ಸೊಂಟದ ಕೀಲನ್ನು, ಅಂದರೆ ತೊಡೆಮೂಳೆಯ ಗುಂಡು ತಲೆ ಸೊಂಟದ ಬಟ್ಟಲಿನೊಳಗೆ ಕೂರುವ ಜಾಗವನ್ನು, ನೋಡಿದ್ದು ಬಹಳ ಮುಖ್ಯವಾದ ಹೆಜ್ಜೆ. ಈ ಕೀಲಿನಿಂದಲೂ ಮಂಡಿಯಿಂದಲೂ ನೋವಿನ ಸುದ್ದಿಯನ್ನು ಹೊತ್ತೊಯ್ಯುವ ನರಗಳಲ್ಲಿ ಕೆಲವು ಒಂದೇ ಆಗಿರುವುದರಿಂದ, ಕೀಲಿನಲ್ಲಿ ಹುಟ್ಟಿದ ನೋವು ಮಗುವಿಗೆ ತೊಡೆಯಲ್ಲೋ ಮಂಡಿಯಲ್ಲೋ ಇರುವಂತೆ ಅನ್ನಿಸುತ್ತದೆ. ಅವನು ಸುಳ್ಳು ಹೇಳುತ್ತಿಲ್ಲ, ಶಾಲೆ ತಪ್ಪಿಸಲು ನೆಪ ಹೂಡುತ್ತಲೂ ಇಲ್ಲ. ಐದು ವರ್ಷದ ಮಗು ಹೆಜ್ಜೆ ಊರುವುದಿಲ್ಲ ಎಂದರೆ ಆ ಮಾತನ್ನು ಹಾಗೆಯೇ ನಂಬಬೇಕು.

ನೀವು ಬರೆದಿರುವ ವಿವರಗಳೆಲ್ಲ ಟ್ರಾನ್ಸಿಯೆಂಟ್ ಸೈನೊವೈಟಿಸ್ ಎಂಬ ತಾತ್ಕಾಲಿಕ ಕೀಲುರಿಯೂತಕ್ಕೆ ಹೊಂದುತ್ತವೆ. ಸಾಮಾನ್ಯವಾಗಿ 3ರಿಂದ 8 ವರ್ಷದೊಳಗಿನ ಮಕ್ಕಳಲ್ಲಿ, ಹುಡುಗಿಯರಿಗಿಂತ ಹುಡುಗರಲ್ಲಿ ಹೆಚ್ಚಾಗಿ, ಎಷ್ಟೋ ಸಲ ನೆಗಡಿ ಅಥವಾ ವೈರಲ್ ಜ್ವರ ಬಂದುಹೋದ ಒಂದೆರಡು ವಾರದಲ್ಲಿ ಕೀಲಿನ ಒಳಪದರ ಉರಿಗೊಂಡು, ಅಲ್ಲಿ ಸ್ವಲ್ಪ ದ್ರವ ಸೇರಿಕೊಳ್ಳುತ್ತದೆ. ರಾತ್ರಿ ಕುಣಿದಾಡಿ ಮಲಗಿದ ಮಗು ಬೆಳಿಗ್ಗೆ ಕುಂಟುತ್ತದೆ. ಮನೆಯವರಿಗೆ ದಿಗಿಲಾಗುವುದು ಸಹಜ. ಇದಕ್ಕೆ ಆ್ಯಂಟಿಬಯಾಟಿಕ್ ಬೇಕಿಲ್ಲ. ವಿಶ್ರಾಂತಿ ಮತ್ತು ನೋವಿನ ಔಷಧದಲ್ಲಿ ಹೆಚ್ಚಿನ ಮಕ್ಕಳು ಒಂದೆರಡು ವಾರದಲ್ಲಿ ಪೂರ್ತಿ ಚೇತರಿಸಿಕೊಳ್ಳುತ್ತಾರೆ. ಕೆಲವರಲ್ಲಿ ಮುಂದೆಂದಾದರೂ ಮರುಕಳಿಸಬಹುದು, ಆಗಲೂ ಹೀಗೆಯೇ ವೈದ್ಯರಿಗೆ ತೋರಿಸಬೇಕು.

ಹಾಗಿದ್ದರೆ ರಕ್ತಪರೀಕ್ಷೆ ಏಕೆ ಎಂದು ನಿಮಗೆ ಅನ್ನಿಸಿರಬಹುದು. ಇದೇ ರೀತಿ ಕಾಣಿಸಿಕೊಳ್ಳುವ, ಆದರೆ ಗಂಟೆಗಳ ಲೆಕ್ಕದಲ್ಲಿ ಹಾನಿ ಮಾಡುವ ಇನ್ನೊಂದು ಕಾಯಿಲೆ ಇದೆ. ಬ್ಯಾಕ್ಟೀರಿಯಾ ಕೀಲಿನೊಳಗೆ ಸೇರಿ ಕೀವಾಗುವುದು, ಅಂದರೆ ಸೆಪ್ಟಿಕ್ ಆರ್ಥ್ರೈಟಿಸ್. ಎರಡನ್ನೂ ಬೇರ್ಪಡಿಸಲು ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯ ವೈದ್ಯರು 1999ರಲ್ಲಿ ಪ್ರಕಟಿಸಿದ ನಾಲ್ಕು ಗುರುತುಗಳನ್ನು ಇಂದಿಗೂ ಜಗತ್ತಿನಾದ್ಯಂತ ವೈದ್ಯರು ಬಳಸುತ್ತಾರೆ: 38.5 ಡಿಗ್ರಿ ಸೆಲ್ಸಿಯಸ್, ಅಂದರೆ ಸುಮಾರು 101.3 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಜ್ವರ. ಕಾಲಿನ ಮೇಲೆ ಸ್ವಲ್ಪವೂ ಭಾರ ಹಾಕಲಾಗದಿರುವುದು. ರಕ್ತದಲ್ಲಿ ಉರಿಯೂತದ ಸೂಚಕವಾದ ಇಎಸ್‌ಆರ್ 40ಕ್ಕಿಂತ ಹೆಚ್ಚಿರುವುದು. ಬಿಳಿ ರಕ್ತಕಣಗಳು 12,000 ಮೀರಿರುವುದು. ಉರಿಯೂತವನ್ನೇ ಸೂಚಿಸುವ ಸಿಆರ್‌ಪಿ ಎಂಬ ರಕ್ತಪರೀಕ್ಷೆಯನ್ನೂ ಈಗ ಜೊತೆಗೆ ನೋಡುತ್ತಾರೆ. ಇವುಗಳಲ್ಲಿ ಹೆಚ್ಚು ಗುರುತುಗಳು ಕೂಡಿಬಂದಷ್ಟೂ ಕೀವಿನ ಸಂಶಯ ಬಲವಾಗುತ್ತದೆ. ನಿಮ್ಮ ಮಗನಿಗೆ ಜ್ವರವಿರಲಿಲ್ಲ, ಒಂಟಿಕಾಲಿನಲ್ಲಿ ಕುಂಟುತ್ತಿದ್ದವನು ಈಗ ನಡೆಯುತ್ತಿದ್ದಾನೆ, ರಕ್ತದ ವರದಿ ನೋಡಿದ ಮೇಲೆಯೂ ವೈದ್ಯರು ಸಿರಪ್ ಸಾಕೆಂದಿದ್ದಾರೆ. ಆದ್ದರಿಂದ ಆ ಭಯ ನಿಮಗೆ ಬೇಡ.

ಈ ವಿಷಯದಲ್ಲಿ ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ವೃತ್ತಿಗೆ ಬಂದ ಹೊಸತರಲ್ಲಿ, ನಗರದ ಒಂದು ಆಸ್ಪತ್ರೆಯ ರಾತ್ರಿ ಪಾಳಿಯಲ್ಲಿ, ಮೂರು ವರ್ಷದ ಹೆಣ್ಣುಮಗುವೊಂದನ್ನು ಎತ್ತಿಕೊಂಡು ಬಂದಿದ್ದರು. ಮಗು ಬಲಗಾಲನ್ನು ಮಡಚಿ ಹೊರಕ್ಕೆ ಹೊರಳಿಸಿಕೊಂಡು, ಮೈ ಅಲುಗಿಸದೆ, ಕಣ್ಣು ಮಾತ್ರ ಆಡಿಸುತ್ತಾ ಮಲಗಿತ್ತು. ಅದರ ಅಮ್ಮ ಒದ್ದೆಯಾದ ಚಡ್ಡಿ ಬದಲಿಸಲು ಕಾಲು ಎತ್ತಿದ್ದೇ ತಡ, ವಾರ್ಡೆಲ್ಲ ಎಚ್ಚರವಾಗುವಂತೆ ಕಿರುಚಿತು. ಮೂರು ದಿನ ಎಣ್ಣೆ ನೀವಿಸಿ, ಕಟ್ಟು ಹಾಕಿಸಿ, ಜ್ವರಕ್ಕೆ ಸಿರಪ್ ಕುಡಿಸುತ್ತಾ ಕಾದಿದ್ದರು. ಆ ರಾತ್ರಿಯೇ ಕೀಲು ತೆರೆದು ಕೀವು ತೊಳೆದದ್ದಾಯಿತು; ಮಗು ಉಳಿಯಿತು, ಆದರೆ ಕಾಲು ಗಿಡ್ಡವಾಯಿತು. ಆ ತಂದೆತಾಯಿಯರದು ಅಸಡ್ಡೆಯಲ್ಲ, ಅವರಿಗೆ ಹೇಳುವವರಿರಲಿಲ್ಲ ಅಷ್ಟೇ. ಆದ್ದರಿಂದ ಈ ಅಂಕಣ ಓದುವ ಎಲ್ಲರಿಗೂ ಹೇಳುತ್ತೇನೆ: ಜ್ವರವೂ ಇದೆ, ಮಗು ಕಾಲೂ ಊರುತ್ತಿಲ್ಲ ಎಂದಾದರೆ ಬೆಳಗಾಗುವವರೆಗೂ ಕಾಯಬೇಡಿ. ನಿಮ್ಹಾನ್ಸ್ ಸಮೀಪದ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಾಗಲಿ, ಮಕ್ಕಳ ವೈದ್ಯರೂ ಮೂಳೆ ವೈದ್ಯರೂ ಇರುವ ಹತ್ತಿರದ ಯಾವುದೇ ದೊಡ್ಡ ಆಸ್ಪತ್ರೆಯಾಗಲಿ, ಅಂದೇ ಹೋಗಿ. ವಾಹನ ಸಿಗದಿದ್ದರೆ 108ಕ್ಕೆ ಕರೆ ಮಾಡಿ.

ನೀವಿಸುವ ಮಾತಿಗೂ ಇದೇ ಉತ್ತರ. ಹರಳೆಣ್ಣೆಯನ್ನು ಚರ್ಮಕ್ಕೆ ಹಚ್ಚಿದರೆ ಕೆಡುಕಿಲ್ಲ, ಆದರೆ ಉರಿಗೊಂಡ ಕೀಲನ್ನು ಎಳೆಯುವುದು, ತಿರುಚುವುದು, ಲಟಕ್ಕೆನ್ನಿಸುವುದು ಬೇಡವೇ ಬೇಡ. ಇಲ್ಲಿ ಉಳುಕಿಲ್ಲ, ಬಿಡಿಸುವುದಕ್ಕೂ ಏನಿಲ್ಲ.

ನಿಮ್ಮ ಅತ್ತೆಯವರ ಭಯವನ್ನು ನಾನು ಗೌರವಿಸುತ್ತೇನೆ, ಅವರ ತಲೆಮಾರು ಪೋಲಿಯೊವನ್ನು ಕಣ್ಣಾರೆ ಕಂಡಿದೆ. ಭಾರತದಲ್ಲಿ ಕೊನೆಯ ಸಹಜ ಪೋಲಿಯೊ ಪ್ರಕರಣ ಕಂಡುಬಂದದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರ ಮಾರ್ಚ್ 27ರಂದು ವಿಶ್ವ ಆರೋಗ್ಯ ಸಂಸ್ಥೆಯು ನಮ್ಮ ದೇಶವೂ ಸೇರಿದ ಆಗ್ನೇಯ ಏಷ್ಯಾ ವಲಯವನ್ನು ಪೋಲಿಯೊಮುಕ್ತವೆಂದು ದೃಢೀಕರಿಸಿತು. ಅದಕ್ಕಿಂತ ಮುಖ್ಯವಾಗಿ, ನಿಮ್ಮ ಮಗ ನೋವಿನಿಂದಾಗಿ ಕಾಲು ಊರುತ್ತಿರಲಿಲ್ಲ. ಪೋಲಿಯೊದಲ್ಲಿ ಕಾಲಿಗೆ ಬಲವೇ ಇರದೆ ಜೋಲು ಬೀಳುತ್ತದೆ. ನೋವಿರಲಿ ಇಲ್ಲದಿರಲಿ, 15 ವರ್ಷದೊಳಗಿನ ಯಾವ ಮಗುವಿನ ಕಾಲೇ ಆಗಲಿ ಹಠಾತ್ತನೆ ಸೋತು ಜೋಲುಬಿದ್ದರೆ, ಅದು ಗಿಯೆನ್ ಬಾರೆಯಂತಹ ನರಗಳ ಕಾಯಿಲೆಯೂ ಆಗಿರಬಹುದಾದ್ದರಿಂದ ಕೂಡಲೇ ತೋರಿಸಬೇಕು. ಅಂತಹ ಪ್ರತಿಯೊಂದು ಪ್ರಕರಣವನ್ನೂ ಆರೋಗ್ಯ ಇಲಾಖೆಗೆ ತಿಳಿಸಿ ಮಲಪರೀಕ್ಷೆ ಮಾಡಿಸುವ ವ್ಯವಸ್ಥೆ ಈಗಲೂ ನಡೆಯುತ್ತಿದೆ.

ಬೇರೆ ತಾಯಂದಿರಿಗೂ ನೆರವಾಗಲೆಂದು ಇನ್ನೆರಡು ಮಾತು. ಫ್ಲೂ ಜ್ವರ ಇಳಿಯುವ ಹೊತ್ತಿಗೆ ಎರಡೂ ಮೀನಖಂಡಗಳು ನೋಯತೊಡಗಿ ಮಗು ತುದಿಗಾಲಿನಲ್ಲಿ ನಡೆದರೆ ಅದು ಸ್ನಾಯುಗಳ ಉರಿಯೂತ. ಕೆಲವೇ ದಿನಗಳಲ್ಲಿ ಇಳಿಯುತ್ತದೆ, ಆದರೆ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ತಡಮಾಡಬಾರದು. ಒಂದರಿಂದ ಮೂರು ವರ್ಷದ ಮಗು ನಡೆಯಲು ಒಲ್ಲೆನೆಂದು ಅಂಬೆಗಾಲಿನಲ್ಲಿ ಮಾತ್ರ ಸಲೀಸಾಗಿ ಓಡಾಡುತ್ತಿದ್ದರೆ ತೊಂದರೆ ಮಂಡಿಯ ಕೆಳಗಿರುವ ಸಂಭವ ಹೆಚ್ಚು. ಪಾರ್ಕಿನ ಜಾರುಬಂಡೆಯಲ್ಲಿ ಅಪ್ಪನ ತೊಡೆಯ ಮೇಲೆ ಕೂತು ಜಾರುವಾಗ ಮಗುವಿನ ಪಾದ ಅಂಚಿಗೆ ಸಿಕ್ಕಿ ಮಂಡಿಯ ಕೆಳಗಿನ ಮೂಳೆ ಕೂದಲೆಳೆಯಷ್ಟು ಸೀಳುವುದುಂಟು, ಮೊದಲ ದಿನದ ಎಕ್ಸ್‌ರೇಯಲ್ಲಿ ಅದು ಕಾಣದೆಯೂ ಹೋಗಬಹುದು. ಸಂಜೆ ಅಥವಾ ರಾತ್ರಿ ಎರಡೂ ಕಾಲು ನೋಯುತ್ತವೆಂದು ಅತ್ತು, ಬೆಳಿಗ್ಗೆ ಏನೂ ಆಗದಂತೆ ಓಡುವ ಮಕ್ಕಳದು ಬೆಳವಣಿಗೆಯ ನೋವು. ಆದರೆ ವಾರಗಟ್ಟಲೆ ನಿದ್ದೆಗೆಡಿಸುವ ಮೂಳೆನೋವಿನ ಜೊತೆಗೆ ಮಗು ಬಿಳಿಚಿಕೊಂಡಿದ್ದರೆ, ಮೈಮೇಲೆ ಕಾರಣವಿಲ್ಲದೆ ನೀಲಿ ಕಲೆಗಳೆದ್ದಿದ್ದರೆ ರಕ್ತದ ಕ್ಯಾನ್ಸರ್ ಅಲ್ಲವೆಂದು ಖಚಿತಪಡಿಸಿಕೊಳ್ಳಲೇಬೇಕು.

ಸಿರಪ್ ವಿಚಾರದಲ್ಲಿ ಒಂದು ಎಚ್ಚರಿಕೆ. ಈ ಕೀಲುನೋವಿಗೆ ಐಬುಪ್ರೊಫೆನ್ ಒಳ್ಳೆಯ ಔಷಧ, ಊಟದ ನಂತರ, ತೂಕಕ್ಕೆ ತಕ್ಕಂತೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಕೊಡಬಹುದು. ಆದರೆ ಬೆಂಗಳೂರಿನಲ್ಲಿ ಮಳೆಗಾಲ ಬಂತೆಂದರೆ ಡೆಂಗಿ ಹೆಚ್ಚುತ್ತದೆ, ಡೆಂಗಿಯಲ್ಲಿ ಐಬುಪ್ರೊಫೆನ್ ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತದೆ. ಆದ್ದರಿಂದ ಹೊಸದಾಗಿ ಜ್ವರ ಬಂದರೆ ಡೆಂಗಿ ಅಲ್ಲವೆಂದು ತಿಳಿಯುವವರೆಗೆ ಪ್ಯಾರಾಸಿಟಮಾಲ್ ಮಾತ್ರ ಕೊಡಿ. ಎರಡೂ ಬೆರೆತ ಸಿರಪ್‌ಗಳು ಅಂಗಡಿಯಲ್ಲಿ ಸಿಗುತ್ತವೆ, ಬಾಟಲಿಯ ಮೇಲಿನ ಹೆಸರು ಓದದೆ ಕುಡಿಸಬೇಡಿ.

ಇನ್ನು ಸಂಜೆಯ ಕುಂಟು. ಹನ್ನೆರಡನೆಯ ದಿನಕ್ಕೆ ಇಷ್ಟು ಉಳಿದಿರುವುದು ಅಸಹಜವೇನಲ್ಲ, ಆದರೆ ಎರಡು ವಾರ ತುಂಬಿದ ಮೇಲೂ ಅದು ಪೂರ್ತಿ ಹೋಗದಿದ್ದರೆ ಸುಮ್ಮನಿರಬೇಡಿ. ತೊಡೆಮೂಳೆಯ ತಲೆಗೆ ರಕ್ತಪೂರೈಕೆ ಕುಂಠಿತವಾಗಿ ಅದು ಮೆತ್ತಗಾಗುವ ಪರ್ಥಿಸ್ ಎಂಬ ಕಾಯಿಲೆ ಹೀಗೆಯೇ ಸಣ್ಣ ಕುಂಟಿನಿಂದ ಶುರುವಾಗುತ್ತದೆ. ಇದೂ ಹುಡುಗರಲ್ಲೇ ಹೆಚ್ಚು. ನಮ್ಮ ಕರಾವಳಿಯಲ್ಲಿ, ಉಡುಪಿಯ ಸುತ್ತಮುತ್ತ, ಇದು ಗಣನೀಯವಾಗಿ ಕಾಣಿಸಿಕೊಳ್ಳುವುದನ್ನು ಮಣಿಪಾಲದ ಮೂಳೆ ವೈದ್ಯರು ದಾಖಲಿಸಿದ್ದಾರೆ. ನಿಮ್ಮ ಮಗನಿಗೆ ಅದೇ ಇದೆಯೆಂದು ನಾನು ಹೇಳುತ್ತಿಲ್ಲ. ಆದರೆ ಇಲ್ಲಿಯವರೆಗೆ ಎಕ್ಸ್‌ರೇ ತೆಗೆದದ್ದು ಮಂಡಿಗೆ ಮಾತ್ರ. ಮುಂದಿನ ವಾರವೂ ಕುಂಟಿದರೆ ಎರಡೂ ಸೊಂಟದ ಕೀಲುಗಳ ಎಕ್ಸ್‌ರೇಯನ್ನು, ನೇರವಾಗಿ ಒಂದು, ಕಪ್ಪೆಯಂತೆ ಕಾಲು ಮಡಚಿ ಅಗಲಿಸಿ ಇನ್ನೊಂದು, ತೆಗೆಸಿ ಮಕ್ಕಳ ಮೂಳೆ ತಜ್ಞರಿಗೆ ತೋರಿಸಿ. ಹಳೆಯ ಸ್ಕ್ಯಾನ್ ಮತ್ತು ರಕ್ತದ ವರದಿಗಳನ್ನು ಜೊತೆಗೆ ಒಯ್ಯಿರಿ. ಅಲ್ಲಿಯವರೆಗೆ ಶಾಲೆಗೆ ಹೋಗಲಿ, ಪಾಠ ಕೇಳಲಿ; ಓಟ, ಜಿಗಿತ, ಸೈಕಲ್ ಮಾತ್ರ ಕುಂಟು ಪೂರ್ತಿ ಹೋಗುವವರೆಗೆ ಬೇಡವೆಂದು ಅವನ ಟೀಚರ್‌ಗೆ ಒಂದು ಚೀಟಿ ಬರೆದು ಕಳಿಸಿ.